ಬ್ಯಾಟರಿ ಡ್ರಿಲ್ ತಗೊಳ್ಳುವ ಮೊದಲು ಮನೆ ಗೋಡೆ ನೋಡಿ

ಮಳೆಗಾಲ ಮುಗಿಯುತ್ತಿದ್ದ ಹಾಗೆ ನಮ್ಮ ಸೋಮವಾರಪೇಟೆ ಕಡೆ ರಿಪೇರಿ ಕೆಲಸ ಶುರುವಾಗುತ್ತದೆ. ಗಾಳಿಗೆ ಎದ್ದ ಶೀಟು, ಉಬ್ಬಿಕೊಂಡು ಮುಚ್ಚಲು ಬಾರದ ಬಾಗಿಲು, ತುಕ್ಕು ಹಿಡಿದ ಚಿಲಕ, ಸ್ಕ್ರೂ ಕಿತ್ತು ಬಂದ ಹಿಂಜಸ್. ಆಚಾರಿಯನ್ನು ಕರೆದರೆ ಇವತ್ತು ನಾಳೆ ಅನ್ನುತ್ತಾರೆ, ಇಂಥ ಚಿಲ್ಲರೆ ಕೆಲಸಕ್ಕೆ ಅವರು ಬಂದರೂ ಅವರಿಗೂ ಗಿಟ್ಟುವುದಿಲ್ಲ, ನಮಗೂ ಗಿಟ್ಟುವುದಿಲ್ಲ. ಅಷ್ಟರಲ್ಲಿ ಕಾಫಿ ಕೊಯ್ಲು ಬಂತು ಅಂದರೆ ಮುಗಿಯಿತು, ಆಮೇಲೆ ಯಾರೂ ಸಿಗುವುದಿಲ್ಲ. ಹಾಗಾಗಿ ಈಗ ತೋಟದ ಮನೆಗಳಲ್ಲಿ ಒಂದೊಂದು ಬ್ಯಾಟರಿ ಡ್ರಿಲ್ ಬಂದು ಕೂತಿದೆ. ನಾನು ಮರದ ಕೆಲಸ ಸ್ವಲ್ಪ ಮಾಡುತ್ತೇನೆ ಅಂತ ಗೊತ್ತಿರುವವರು ಯಾವುದು ತಗೊಳ್ಳಲಿ ಅಂತ ಕೇಳುತ್ತಿರುತ್ತಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ.

ಮನೆ ಕೆಲಸಕ್ಕೆ 12 ವೋಲ್ಟಿನ ಸಣ್ಣ ಡ್ರಿಲ್ ಸಾಕು. ಅದರಲ್ಲಿ ಹ್ಯಾಮರ್, ಅಂದರೆ ತಿರುಗುತ್ತಲೇ ಬಡಿಯುವ ವ್ಯವಸ್ಥೆ, ಇಲ್ಲದಿದ್ದರೂ ಪರವಾಗಿಲ್ಲ. ಗೋಡೆ ಕೊರೆಯಲು ಬೇರೆ ಮಿಷನ್, ವೈರ್ ಇರುವುದು, ಅದನ್ನು ಬೇಕಾದಾಗ ಕೇಳಿ ತಂದರಾಯಿತು. ಇದನ್ನು ಹೇಳಿದಾಗ ನಮ್ಮ ಚಿಕ್ಕಪ್ಪ ಒಂದು ಮಾತು ಕೇಳಿದರು: "ಅಲ್ಲ ಮಾರಾಯಾ, ಅಷ್ಟು ದುಡ್ಡು ಕೊಟ್ಟು ಗೋಡೆ ಕೊರೆಯದ ಡ್ರಿಲ್ ತಗೊಂಡು ಏನು ಮಾಡೋದು?" ನ್ಯಾಯವಾದ ಪ್ರಶ್ನೆಯೇ. ಡ್ರಿಲ್ ಅಂದರೆ ಗೋಡೆಗೆ ತೂತು ಹೊಡೆಯುವುದು ಅಂತಲೇ ಎಲ್ಲರ ತಲೆಯಲ್ಲಿ ಇರುವುದು.

ಆದರೆ ಯಾವ ಗೋಡೆ? ನಮ್ಮ ಕಡೆ ಒಂದೇ ಮನೆಯಲ್ಲಿ ಎರಡು ಮೂರು ತರಹದ ಗೋಡೆ ಇರುತ್ತದೆ. ತಾತನ ಕಾಲದ ಭಾಗ ಮಣ್ಣಿನ ಗೋಡೆ, ಇಲ್ಲವೇ ಸುಣ್ಣದ ಗಾರೆಯ ಇಟ್ಟಿಗೆ ಗೋಡೆ. ಆಮೇಲೆ ಸೇರಿಸಿದ ಕೋಣೆ, ಬಚ್ಚಲು ಮನೆ ಎಲ್ಲ ಸಿಮೆಂಟ್ ಬ್ಲಾಕ್. ಹೊಸ ಭಾಗದಲ್ಲಿ ಕಿಟಕಿ, ಬಾಗಿಲಿನ ಮೇಲೆ ಕಾಂಕ್ರೀಟ್ ಲಿಂಟಲ್. ಮಣ್ಣಿನ ಗೋಡೆಗೆ ಹ್ಯಾಮರ್ ಬೇಡವೇ ಬೇಡ, ಯಾವ ಡ್ರಿಲ್ ಆದರೂ ಒಳಗೆ ಹೋಗುತ್ತದೆ, ಅಲ್ಲಿನ ತೊಂದರೆ ತೂತು ಕೊರೆಯುವುದಲ್ಲ, ಸ್ಕ್ರೂ ಹಿಡಿಯಲು ಹಾಕಿದ ಪ್ಲಗ್ಗು ನಿಲ್ಲುವುದು. ಅಂಥ ಗೋಡೆಗೆ ಹ್ಯಾಮರ್ ಹಾಕಿದರೆ ಗಾರೆ ಹಪ್ಪಳದ ಹಾಗೆ ಎದ್ದು ಬರುತ್ತದೆ. ಇಟ್ಟಿಗೆಗೆ ಸಣ್ಣ ಹ್ಯಾಮರ್ ಡ್ರಿಲ್ ಆಗುತ್ತದೆ. ಸಿಮೆಂಟ್ ಬ್ಲಾಕಿಗೆ ಆಗುತ್ತದೋ ಇಲ್ಲವೋ ಅನ್ನುವುದು ಬ್ಲಾಕ್ ಎಂಥದ್ದು ಅನ್ನುವುದರ ಮೇಲೆ, ಒಳಗೆ ಜಲ್ಲಿ ಸಿಕ್ಕರೆ ಅಲ್ಲೇ ನಿಲ್ಲುತ್ತದೆ.

ತಮಾಷೆ ಏನೆಂದರೆ ಮನೆಯಲ್ಲಿ ಗೋಡೆಗೆ ತೂತು ಬೇಕಾಗುವುದು ಜಾಸ್ತಿ ಪರದೆ ರಾಡಿಗೆ. ಪರದೆ ರಾಡ್ ಬರುವುದು ಕಿಟಕಿಯ ಮೇಲೆ. ಕಿಟಕಿಯ ಮೇಲೆ ಇರುವುದು ಲಿಂಟಲ್! ಅಂದರೆ ಮನೆಯಲ್ಲಿ ಅತಿ ಗಟ್ಟಿಯಾದ ಜಾಗಕ್ಕೇ ನೀವು ಡ್ರಿಲ್ ಹಿಡಿಯುವುದು. ಅಲ್ಲಿ 12 ವೋಲ್ಟಿನ ಹ್ಯಾಮರ್ ಡ್ರಿಲ್ ಹಿಡಿದರೆ 6 ಎಂಎಂ ತೂತಿಗೂ ತುಂಬಾ ಹೊತ್ತು ಬೇಕು, ಬ್ಯಾಟರಿ ಬಿಸಿಯಾಗುತ್ತದೆ, ಬಿಟ್ಟಿನ, ಅಂದರೆ ತೂತು ಕೊರೆಯುವ ಕಡ್ಡಿಯ, ತುದಿ ನೀಲಿ ಬಣ್ಣಕ್ಕೆ ತಿರುಗುತ್ತದೆ.

ಯಾಕೆ ಹೀಗೆ ಅಂದರೆ, ಮಾಮೂಲಿ ಹ್ಯಾಮರ್ ಡ್ರಿಲ್ಲಿನ ಒಳಗೆ ಹಲ್ಲು ಇರುವ ಎರಡು ತಟ್ಟೆ ಇರುತ್ತವೆ. ಒಂದರ ಮೇಲೆ ಒಂದು ತಿರುಗುವಾಗ ಹಲ್ಲು ಹತ್ತಿ ಇಳಿದು ಬಿಟ್ಟನ್ನು ಸಣ್ಣದಾಗಿ ಮುಂದಕ್ಕೆ ತಳ್ಳುತ್ತದೆ. ನಿಮಿಷಕ್ಕೆ ಸಾವಿರಾರು ಸಲ ಬಡಿಯುತ್ತದೆ ನಿಜ, ಆದರೆ ಒಂದೊಂದು ಪೆಟ್ಟಿಗೂ ಬಲ ಕಡಿಮೆ, ಹಿಂದಿನಿಂದ ನಾವು ಒತ್ತಿದಷ್ಟೇ ಅದರ ಶಕ್ತಿ. ಬುಡದಲ್ಲಿ ಗೀರು ಇರುವ ಎಸ್‌ಡಿಎಸ್ ಬಿಟ್ಟು ಹಾಕುವ ರೋಟರಿ ಹ್ಯಾಮರ್ ಬೇರೆಯೇ ಜಾತಿ. ಅದರೊಳಗೆ ಪಿಸ್ಟನ್ ಓಡಾಡಿ ಗಾಳಿಯನ್ನು ಒತ್ತುತ್ತದೆ, ಆ ಗಾಳಿ ಒಂದು ತೂಕದ ತುಂಡನ್ನು ತಳ್ಳಿ ಬಿಟ್ಟಿಗೆ ಹೊಡೆಯುತ್ತದೆ. ಅದನ್ನು ಜೋರಾಗಿ ಒತ್ತುವುದೇ ಬೇಡ, ನೇರವಾಗಿ ಹಿಡಿದುಕೊಂಡರೆ ಸಾಕು, ಲಿಂಟಲ್ ಒಳಗೆ ಸಲೀಸಾಗಿ ಹೋಗುತ್ತದೆ. ಇಲೆಕ್ಟ್ರಿಷಿಯನ್, ಪ್ಲಂಬರ್ ಎಲ್ಲರ ಹತ್ತಿರವೂ ಇದು ಇರುತ್ತದೆ. ವರ್ಷಕ್ಕೊಮ್ಮೆ ನಾಲ್ಕು ತೂತಿಗೆ ಅವರನ್ನೇ ಕೇಳಿ. ಅದಕ್ಕೋಸ್ಕರ ನೀವು ದಿನವೂ ಕೈಯಲ್ಲಿ ಹಿಡಿಯುವ ಡ್ರಿಲ್ಲನ್ನು ಭಾರ ಮಾಡಿಕೊಳ್ಳಬೇಡಿ.

ಹಾಗಾದರೆ ದಿನವೂ ಏನು ಕೆಲಸ? ಲೆಕ್ಕ ಹಾಕಿ ನೋಡಿ, ಹತ್ತರಲ್ಲಿ ಎಂಟು ಸಲ ಸ್ಕ್ರೂ ಬಿಗಿಯುವುದು, ಸ್ಕ್ರೂ ಬಿಚ್ಚುವುದು. ಉಳಿದದ್ದು ಮರಕ್ಕೆ ತೂತು, ಆಂಗಲ್ಲಿಗೋ ತಗಡಿಗೋ ತೂತು. ನನಗೆ ಜೇನು ಪೆಟ್ಟಿಗೆ ಮಾಡುವ ಹುಚ್ಚು ಇರುವುದರಿಂದ ಹಲಗೆ ಜೋಡಿಸುವ ಸಣ್ಣ ಸ್ಕ್ರೂಗಳೇ ಜಾಸ್ತಿ. ಇಂಥ ಕೆಲಸದಲ್ಲಿ ಡ್ರಿಲ್ಲಿನ ಬಲಕ್ಕಿಂತ ಅದರ ಕ್ಲಚ್ ಮುಖ್ಯ. ಬಿಟ್ಟು ಹಿಡಿದುಕೊಳ್ಳುವ ಚಕ್ಕಿನ ಹಿಂದೆ ನಂಬರ್ ಬರೆದ ಒಂದು ಬಳೆ ಇರುತ್ತದಲ್ಲ, ಅದೇ. ನಂಬರ್ ಕಡಿಮೆ ಇಟ್ಟರೆ ಸ್ಕ್ರೂ ತಲೆ ಹಲಗೆಗೆ ಕೂತ ಕೂಡಲೇ ಕಟಕಟ ಅಂದು ತಿರುಗುವುದು ನಿಲ್ಲುತ್ತದೆ. ಇದನ್ನು ಮುಟ್ಟದೆ ಯಾವಾಗಲೂ ಕ್ಲಚ್ ಕೆಲಸ ಮಾಡದ ಡ್ರಿಲ್ ಗುರುತಿನ ಮೇಲೆ ಇಟ್ಟು ಸ್ಕ್ರೂ ಹೊಡೆಯುವವರೇ ಜಾಸ್ತಿ. ಸ್ಕ್ರೂ ಹಲಗೆಯೊಳಗೆ ಮುಳುಗುತ್ತದೆ, ಇಲ್ಲ ಅದರ ತಲೆಯ ಸೀಳು ಸವೆಯುತ್ತದೆ, ಆಮೇಲೆ ಡ್ರಿಲ್ ಸರಿ ಇಲ್ಲ ಅನ್ನುತ್ತಾರೆ.

ನಮ್ಮ ಹಳೆ ಮನೆಗಳ ಬಾಗಿಲು ಹಲಸು, ತೇಗ, ಬೀಟೆ. ಬೀಟೆಗೆ ನೇರವಾಗಿ ಸ್ಕ್ರೂ ಹೊಡೆದರೆ 18 ವೋಲ್ಟ್ ಇದ್ದರೂ ಅಷ್ಟೇ, ಸ್ಕ್ರೂ ಅರ್ಧದಲ್ಲಿ ಮುರಿಯುತ್ತದೆ. ಹಿತ್ತಾಳೆ ಸ್ಕ್ರೂ ಆದರೆ ಇನ್ನೂ ಬೇಗ. 8 ನಂಬರ್ ಸ್ಕ್ರೂವಿನ ದಪ್ಪ ಸುಮಾರು 4 ಎಂಎಂ, ಅದಕ್ಕೆ ಗಟ್ಟಿ ಮರದಲ್ಲಿ ಮೊದಲು 3 ಎಂಎಂ ತೂತು ಕೊರೆದು, ಸ್ಕ್ರೂವಿಗೆ ಸ್ವಲ್ಪ ಜೇನುಮೇಣ ಹಚ್ಚಿ ಬಿಗಿದರೆ 12 ವೋಲ್ಟಿನದ್ದೇ ಆರಾಮಾಗಿ ಎಳೆಯುತ್ತದೆ. ಮೇಣ ಇಲ್ಲದಿದ್ದರೆ ಸೋಪು.

ಈಗ ಈ ವೋಲ್ಟ್ ವಿಷಯ. ಡಬ್ಬದ ಮೇಲಿನ ನಂಬರ್ ನೋಡಿ ಮರುಳಾಗಬೇಡಿ. ಲಿಥಿಯಂ ಬ್ಯಾಟರಿಯ ಒಂದು ಸೆಲ್ಲಿಗೆ 3.6 ವೋಲ್ಟ್, ಪೂರ್ತಿ ಚಾರ್ಜ್ ಆದಾಗ 4.2. ಮೂರು ಸೆಲ್ ಸೇರಿಸಿದರೆ 10.8, ಅದನ್ನೇ 12 ಅಂತ ಮಾರುತ್ತಾರೆ. ಐದು ಸೆಲ್ ಸೇರಿಸಿದರೆ 18, ಅದನ್ನೇ ಕೆಲವು ಕಂಪನಿಗಳು 20 ಮ್ಯಾಕ್ಸ್ ಅಂತ ಬರೆಯುತ್ತವೆ. 18 ಮತ್ತು 20 ಎರಡೂ ಒಂದೇ, ಅದಕ್ಕೆ ಜಾಸ್ತಿ ದುಡ್ಡು ಕೊಡಬೇಕಾಗಿಲ್ಲ. ಇದು ಮಾರಾಟದ ಲೆಕ್ಕ, ಮೋಸ ಅಂತ ಹೇಳಲಾರೆ. ಆದರೆ ಆನ್‌ಲೈನಿನಲ್ಲಿ 48 ಅಂತ, 88 ಅಂತ ದೊಡ್ಡದಾಗಿ ಬರೆದ ಅಗ್ಗದ ಡ್ರಿಲ್ ಕಾಣುತ್ತವಲ್ಲ, ಅವು ಬೇರೆ ಕಥೆ. ನಿಜವಾಗಿ 48 ವೋಲ್ಟ್ ಬೇಕಾದರೆ ಹದಿಮೂರು ಸೆಲ್ ಬೇಕು. ಮಾಮೂಲಿ ಸೆಲ್ ಒಂದು 18 ಎಂಎಂ ದಪ್ಪ, 65 ಎಂಎಂ ಉದ್ದ. ಆ ಪುಟ್ಟ ಪ್ಯಾಕಿನೊಳಗೆ ಹದಿಮೂರು ಎಲ್ಲಿ ಹಿಡಿಯುತ್ತದೆ? ಒಳಗೆ ಹೆಚ್ಚಾಗಿ ಇರುವುದು ಅದೇ ಐದು.

ವೋಲ್ಟ್ ಬಿಟ್ಟರೆ ಮುಂದಿನದು ಟಾರ್ಕ್, ಅಂದರೆ ತಿರುಗಿಸುವ ಬಲ. ಒಳ್ಳೆ 12 ವೋಲ್ಟಿನ ಡ್ರಿಲ್ಲಿಗೆ 30 ನ್ಯೂಟನ್ ಮೀಟರ್ ಅಂತ ಬರೆದಿರುತ್ತಾರೆ, ಬಾಷ್ ಇರಲಿ, ಮಕಿಟಾ ಇರಲಿ, ಹೆಚ್ಚುಕಮ್ಮಿ ಅಷ್ಟೇ. ಅದು ಗಟ್ಟಿ ಜೋಡಣೆಯ ಲೆಕ್ಕ, ಅಂದರೆ ಕಬ್ಬಿಣಕ್ಕೆ ಬೋಲ್ಟ್ ಬಿಗಿದ ಹಾಗೆ ತಟ್ಟನೆ ನಿಲ್ಲುವಾಗ ಬರುವ ಬಲ. ಮರಕ್ಕೆ ಸ್ಕ್ರೂ ಎಳೆಯುವಾಗ ಸುಮಾರು ಅದರ ಅರ್ಧ. ಅರ್ಧವೂ ಮನೆಗೆ ಸಾಕು. ಇದರ ಜೊತೆ ಎರಡು ಗೇರ್ ಇರಬೇಕು: ಒಂದನೇ ಗೇರಿನಲ್ಲಿ ನಿಮಿಷಕ್ಕೆ ಸುಮಾರು 400 ಸುತ್ತು, ಸ್ಕ್ರೂವಿಗೆ, ಎರಡನೇದರಲ್ಲಿ 1500ರ ಹತ್ತಿರ, ತೂತಿಗೆ. ಒಂದೇ ಗೇರ್ ಇರುವುದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಬ್ರಷ್‌ಲೆಸ್, ಅಂದರೆ ಕಾರ್ಬನ್ ಬ್ರಷ್ ಇಲ್ಲದ, ಮೋಟಾರ್ ಒಳ್ಳೆಯದು, ಬ್ಯಾಟರಿ ಜಾಸ್ತಿ ಹೊತ್ತು ಬರುತ್ತದೆ, ದುಡ್ಡು ಇದ್ದರೆ ತಗೊಳ್ಳಿ. ಇಲ್ಲದಿದ್ದರೆ ಮನೆ ಕೆಲಸಕ್ಕೆ ಕಾರ್ಬನ್ ಬ್ರಷ್ಷಿನದ್ದೇ ಎಷ್ಟೋ ವರ್ಷ ಬರುತ್ತದೆ.

ತೂಕದ ಬಗ್ಗೆ ಅಂಗಡಿಯಲ್ಲಿ ಯಾರೂ ಮಾತಾಡುವುದಿಲ್ಲ. 12 ವೋಲ್ಟಿನದು ಬ್ಯಾಟರಿ ಸಮೇತ ಸುಮಾರು ಒಂದು ಕೆಜಿ, 18ರದು ಒಂದೂವರೆ, ದೊಡ್ಡ ಬ್ಯಾಟರಿ ಹಾಕಿದರೆ ಎರಡರ ಹತ್ತಿರ. ಕೌಂಟರಿನ ಮುಂದೆ ನಿಂತು ಹಿಡಿದಾಗ ಎರಡೂ ಹಗುರವೇ. ಆದರೆ ಏಣಿ ಮೇಲೆ ನಿಂತು, ಒಂದು ಕೈಯಲ್ಲಿ ರೀಪು ಹಿಡಿದುಕೊಂಡು, ಇನ್ನೊಂದು ಕೈಯನ್ನು ತಲೆಯ ಮೇಲೆ ಎತ್ತಿ ಶೀಟಿಗೆ ಸ್ಕ್ರೂ ಹೊಡೆಯುವಾಗ ಆ ಅರ್ಧ ಕೆಜಿ ಏನು ಅಂತ ಗೊತ್ತಾಗುತ್ತದೆ. ಉದ್ದವೂ ಹಾಗೆಯೇ. ಕಪಾಟಿನ ಒಳಗೆ, ಸಿಂಕಿನ ಕೆಳಗೆ ನುಗ್ಗಲು ಗಿಡ್ಡ ಮೂತಿಯೇ ಬೇಕು. ಹಾಗಂತ 18 ಬೇಡವೇ ಬೇಡ ಅಂತಲ್ಲ. ತೋಟದಲ್ಲಿ ಶೆಡ್ ಕಟ್ಟುವವರು, ದಪ್ಪ ಕಬ್ಬಿಣ ಕೊರೆಯುವವರು, ಅದೇ ಬ್ಯಾಟರಿಯಲ್ಲಿ ಗ್ರೈಂಡರ್, ಬ್ಲೋವರ್ ಓಡಿಸಬೇಕು ಅನ್ನುವವರು 18ಕ್ಕೇ ಹೋಗಲಿ. ಅವರಿಗೆ ಅದೇ ಸರಿ.

ಯಾಕೆಂದರೆ ನೀವು ನಿಜವಾಗಿ ತಗೊಳ್ಳುತ್ತಿರುವುದು ಡ್ರಿಲ್ ಅಲ್ಲ, ಬ್ಯಾಟರಿಯ ಸಂಸಾರ. ಒಂದು ಕಂಪನಿಯ ಬ್ಯಾಟರಿ ಸಾಮಾನ್ಯವಾಗಿ ಇನ್ನೊಂದಕ್ಕೆ ಕೂರುವುದಿಲ್ಲ. ಒಂದೇ ಕಂಪನಿಯ 12 ಮತ್ತು 18 ಕೂಡ ಅದಲುಬದಲು ಆಗುವುದಿಲ್ಲ. ಬಾಷ್‌ನಲ್ಲಿ ಹಸಿರು ಬಣ್ಣದ ಸಾಲಿನ 18 ವೋಲ್ಟ್ ಬ್ಯಾಟರಿ ನೀಲಿ ಸಾಲಿನ ಮಿಷನ್ನಿಗೆ ಆಗುವುದಿಲ್ಲ. ಮನೆಯಲ್ಲಿ ಅಣ್ಣನ ಹತ್ತಿರವೋ ಪಕ್ಕದ ತೋಟದವರ ಹತ್ತಿರವೋ ಈಗಾಗಲೇ ಒಂದು ಇದ್ದರೆ ಕಣ್ಣು ಮುಚ್ಚಿ ಅದೇ ಕಂಪನಿಯದು, ಅದೇ ವೋಲ್ಟಿನದು ತಗೊಳ್ಳಿ. ಒಬ್ಬರದು ಖಾಲಿಯಾದರೆ ಇನ್ನೊಬ್ಬರದು ಸಿಗುತ್ತದೆ. ಮತ್ತೆ, ಎರಡು ಬ್ಯಾಟರಿ ಇರುವ ಕಿಟ್ಟೇ ತಗೊಳ್ಳಿ. ಆಮೇಲೆ ಬಿಡಿಯಾಗಿ ಬ್ಯಾಟರಿ ಕೊಳ್ಳಲು ಹೋದರೆ ರೇಟು ಕೇಳಿ ಬೇಜಾರಾಗುತ್ತದೆ.

ಕರೆಂಟಿನ ವಿಷಯ ಹೇಳದಿದ್ದರೆ ಇದು ಕೊಡಗಿನವರು ಬರೆದದ್ದು ಅಂತ ಯಾರೂ ನಂಬುವುದಿಲ್ಲ. ಶಾಂತಳ್ಳಿ ಕಡೆಯಾಗಲಿ, ಭಾಗಮಂಡಲ, ನಾಪೋಕ್ಲು ಕಡೆಯಾಗಲಿ, ಜುಲೈನಲ್ಲಿ ಲೈನಿನ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೆ ಅಂತ ಕೇಳುವ ಹಾಗಿಲ್ಲ. ತುರ್ತು ಕೆಲಸ ಬೀಳುವುದೂ ಆಗಲೇ. ಬ್ಯಾಟರಿ ಡ್ರಿಲ್ಲಿನ ನಿಜವಾದ ಲಾಭ ಇಲ್ಲಿ. 12 ವೋಲ್ಟಿನ 2 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ತುಂಬಲು ಬೇಕಾಗುವುದು ಇಪ್ಪತ್ತೆರಡು ವ್ಯಾಟ್-ಅವರ್ ಹತ್ತಿರ, ಚಾರ್ಜರ್ ತಿನ್ನುವುದು ಸೇರಿಸಿದರೂ ಮೂವತ್ತು ದಾಟುವುದಿಲ್ಲ. ಮನೆಯ ಇನ್ವರ್ಟರಿನ 150 ಎಎಚ್ ಬ್ಯಾಟರಿಯಲ್ಲಿ ಇರುವುದು 1800. ಅಂದರೆ ಇನ್ವರ್ಟರಿನಲ್ಲಿ ಚಾರ್ಜಿಗೆ ಹಾಕಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಐನೂರು ಅರುನೂರು ವ್ಯಾಟಿನ ವೈರ್ ಡ್ರಿಲ್ ಹಾಕಿ ನೋಡಿ, ಸಣ್ಣ ಇನ್ವರ್ಟರ್ ಆದರೆ ಕಿರುಚುತ್ತದೆ.

ಮಳೆಗಾಲದಲ್ಲಿ ಡ್ರಿಲ್ ಇಡುವ ಜಾಗವೂ ಲೆಕ್ಕಕ್ಕೆ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿ, ಬೆಲ್ಟಿಗೆ ಬೂಷ್ಟು ಬರುವ ಊರಿನಲ್ಲಿ ಚಕ್ಕಿಗೆ ತುಕ್ಕು ಬಾರದೆ ಇರುತ್ತದೆಯೇ? ಒಂದು ಹನಿ ಎಣ್ಣೆ ಒರೆಸಿ, ಮುಚ್ಚಳ ಬಿಗಿಯಾದ ಡಬ್ಬದಲ್ಲಿ ಒಲೆ ಇರುವ ಕೋಣೆಯ ಅಟ್ಟದಲ್ಲಿ ಇಡಿ. ಆದರೆ ಬ್ಯಾಟರಿಯನ್ನು ಅಲ್ಲಿ ಇಡಬೇಡಿ, ಅದಕ್ಕೆ ಬಿಸಿ ಆಗುವುದಿಲ್ಲ. ಬಿಸಿಲಿಗೆ ನಿಲ್ಲಿಸಿದ ಜೀಪಿನಲ್ಲೂ ಬೇಡ. ತುಂಬಾ ದಿನ ಕೆಲಸ ಇಲ್ಲದಿದ್ದರೆ ಪೂರ್ತಿ ತುಂಬಿಸಿಯೂ ಅಲ್ಲ, ಖಾಲಿ ಮಾಡಿಯೂ ಅಲ್ಲ, ಅರ್ಧದಷ್ಟು ಚಾರ್ಜ್ ಇಟ್ಟು ಬಿಡಿ.

ಎಲ್ಲಿ ತಗೊಳ್ಳುವುದು? ಆನ್‌ಲೈನಿನಲ್ಲಿ ಸ್ವಲ್ಪ ಕಡಿಮೆಗೆ ಸಿಗುತ್ತದೆ, ಸುಳ್ಳಲ್ಲ. ಆದರೆ ಮಡಿಕೇರಿಯಿಂದ ಮೈಸೂರಿಗೆ ಹತ್ತಿರ ಹತ್ತಿರ 120 ಕಿ.ಮೀ. ಸ್ವಿಚ್ಚು ಕೆಟ್ಟರೆ ಬಸ್ಸಿನಲ್ಲಿ ಹೊತ್ತುಕೊಂಡು ಹೋಗುವವರು ನೀವೇ. ಕುಶಾಲನಗರದಲ್ಲೋ ಗೋಣಿಕೊಪ್ಪದಲ್ಲೋ ಅಂಗಡಿಯಲ್ಲಿ ತಗೊಂಡರೆ ಮೊದಲು ಒಂದೇ ಪ್ರಶ್ನೆ ಕೇಳಿ: "ಅಣ್ಣ, ಇದು ಕೆಟ್ಟರೆ ಸರ್ವಿಸಿಗೆ ನೀವೇ ಕಳಿಸುತ್ತೀರಾ?" ಹೌದು ಅಂದರೆ ಮುನ್ನೂರು ನಾನೂರು ಜಾಸ್ತಿ ಆದರೂ ಅಲ್ಲೇ ತಗೊಳ್ಳಿ. ಅಂಗಡಿಯಲ್ಲೇ ಉದ್ದದ ಬಿಟ್ಟು ಒಂದನ್ನು ಚಕ್ಕಿಗೆ ಹಾಕಿಸಿ ನಿಧಾನವಾಗಿ ತಿರುಗಿಸಿ ನೋಡಿ. ತುದಿ ಓಲಾಡಿದರೆ ಬೇರೆ ಪೀಸ್ ಕೇಳಿ. ಟ್ರಿಗ್ಗರ್ ಮೆಲ್ಲಗೆ ಒತ್ತಿದರೆ ಮೆಲ್ಲಗೆ ತಿರುಗಬೇಕು, ಒಮ್ಮೆಲೇ ಜಿಗಿಯಬಾರದು. ಚಕ್ಕು 10 ಎಂಎಂ ಸಾಕು.

ಉಳಿದ ದುಡ್ಡನ್ನು ಬಿಟ್ಟಿಗೆ ಹಾಕಿ. ಕಿಟ್ಟಿನ ಜೊತೆ ಉಚಿತವಾಗಿ ಬರುವ ನೂರು ಪೀಸಿನ ಪೆಟ್ಟಿಗೆ ನೋಡಲು ಚೆಂದ, ಬೀಟೆ ಕಂಡರೆ ಬಾಗುತ್ತದೆ. ಬಿಡಿಯಾಗಿ ಒಳ್ಳೆಯ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ಟು 3, 4, 5, 6 ಎಂಎಂ, ಪ್ಲಸ್ ತಲೆಯ ಸ್ಕ್ರೂವಿಗೆ ಪಿಎಚ್2 ಬಿಟ್ಟು ನಾಲ್ಕಾರು, ಶೀಟಿನ ಸ್ಕ್ರೂವಿಗೆ 8 ಎಂಎಂ ಮ್ಯಾಗ್ನೆಟ್ ಸಾಕೆಟ್ ಒಂದು. ಇಷ್ಟರಲ್ಲಿ ಮನೆಯ ಹೆಚ್ಚಿನ ಕೆಲಸ ಆಗುತ್ತದೆ. 3 ಎಂಎಂ ಮಾತ್ರ ಮೂರು ನಾಲ್ಕು ತಗೊಳ್ಳಿ, ಮುರಿಯುವುದು ಯಾವಾಗಲೂ ಅದೇ.