ಬೈಪಾಸ್ ಆದವರನ್ನು ಮನೆಯಲ್ಲಿ ಎಷ್ಟು ದಿನ ಮಲಗಿಸಬೇಕು?

ಈ ಪ್ರಶ್ನೆಯನ್ನು ನನಗೆ ನಮ್ಮ ಕೊಡಗಿನ ಸುಂಟಿಕೊಪ್ಪದ ಸಂತೆಯಲ್ಲಿ ಕೇಳಿದ್ದಾರೆ, ಮದುವೆ ಮನೆಯಲ್ಲಿ ಕೇಳಿದ್ದಾರೆ, ಗುರುತೇ ಇಲ್ಲದವರು ಯಾರಿಂದಲೋ ನಂಬರ್ ತೆಗೆದುಕೊಂಡು ಫೋನ್ ಮಾಡಿಯೂ ಕೇಳಿದ್ದಾರೆ. "ಅಕ್ಕ, ನಿಮ್ಮ ಯಜಮಾನರಿಗೂ ಓಪನ್ ಹಾರ್ಟ್ ಆಗಿತ್ತಲ್ವಾ? ನಮ್ಮ ಅಪ್ಪನನ್ನು ನಾಳೆ ಮೈಸೂರಿನಿಂದ ಕರ್ಕೊಂಡು ಬರ್ತಿದ್ದೇವೆ. ಎಷ್ಟು ದಿನ ಮಲಗಿಸಿಡಬೇಕು?"

ನನ್ನ ಉತ್ತರ ಇಷ್ಟೇ. ಒಂದು ದಿನವೂ ಮಲಗಿಸಿಡಬೇಡಿ. ಬಂದ ದಿನವೇ ಮನೆಯೊಳಗೆ ನಾಲ್ಕು ಹೆಜ್ಜೆ ನಡೆಸಿ. ಆದರೆ ಮೂರು ತಿಂಗಳು ಭಾರ ಎತ್ತಲು ಬಿಡಬೇಡಿ.

ನಮ್ಮ ಕಡೆ ಆಗುವುದು ಇದರ ಉಲ್ಟಾ. ಹೃದಯಕ್ಕೆ ಆಯಾಸ ಆಗುತ್ತೆ ಅಂತ ಹೆದರಿ ನಡೆಯಲು ಬಿಡುವುದಿಲ್ಲ. ಅದೇ ಮನುಷ್ಯ ಬಚ್ಚಲಿನಲ್ಲಿ ತುಂಬಿದ ಬಕೆಟ್ ಎತ್ತುತ್ತಿದ್ದರೆ, ತೋಟದ ಗೇಟನ್ನು ಎಳೆದು ಹಾಕುತ್ತಿದ್ದರೆ ಯಾರೂ ತಡೆಯುವುದಿಲ್ಲ.

ಬೈಪಾಸ್‌ನಲ್ಲಿ ಕಾಲಿನಿಂದಲೋ ಎದೆಯ ಒಳಗಿನಿಂದಲೋ ಒಂದು ರಕ್ತನಾಳ ತೆಗೆದು, ಬ್ಲಾಕ್ ಆದ ಜಾಗವನ್ನು ಬಳಸಿ ಹೋಗುವ ಹಾಗೆ ಹೊಲಿಯುತ್ತಾರೆ. ಹೊಸ ದಾರಿಯಲ್ಲಿ ರಕ್ತ ಅವತ್ತೇ ಹರಿಯಲು ಶುರುವಾಗಿರುತ್ತದೆ. ಆದರೆ ಹೃದಯವನ್ನು ಮುಟ್ಟಬೇಕಾದರೆ ಸಾಮಾನ್ಯವಾಗಿ ಎದೆಯ ನಡುಮೂಳೆಯನ್ನು ಮೇಲಿನಿಂದ ಕೆಳಗಿನವರೆಗೆ ಸೀಳಬೇಕು, ಆಮೇಲೆ ಸ್ಟೀಲ್ ತಂತಿಯಿಂದ ಬಿಗಿಯಬೇಕು. ಕೈ ಮುರಿದರೆ ಪ್ಲಾಸ್ಟರ್ ಹಾಕಿ ಅಲುಗಾಡದ ಹಾಗೆ ಮಾಡಬಹುದು. ಎದೆಗೆ ಹಾಗೆ ಮಾಡಲು ಆಗುವುದಿಲ್ಲ, ಉಸಿರಾಡಬೇಕಲ್ಲ. ಆ ಮೂಳೆ ಕೂಡಿಕೊಳ್ಳಲು 6ರಿಂದ 8 ವಾರ ಬೇಕು, ಪೂರ್ತಿ ಗಟ್ಟಿಯಾಗಲು ಸುಮಾರು 3 ತಿಂಗಳು. ಹಾಗಾಗಿ ರೆಸ್ಟ್ ಬೇಕಾಗಿರುವುದು ಎದೆಯ ಮೂಳೆಗೆ. ಕಾಲಿಗೂ ಶ್ವಾಸಕೋಶಕ್ಕೂ ಕೆಲಸ ಕೊಡಬೇಕು. ಮಲಗಿಯೇ ಇದ್ದರೆ ಶ್ವಾಸಕೋಶದಲ್ಲಿ ಕಫ ಕಟ್ಟುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ.

ಮೊದಲು ಕಲಿಯಬೇಕಾದದ್ದು ಹಾಸಿಗೆಯಿಂದ ಏಳುವ ರೀತಿ. ಎರಡೂ ಕೈ ಊರಿ ಎದ್ದರೆ ಪೂರ್ತಿ ಭಾರ ಆ ಮೂಳೆಯ ಮೇಲೆ ಬೀಳುತ್ತದೆ. ಒಂದು ಮಗ್ಗುಲಿಗೆ ಹೊರಳಿ, ಕಾಲುಗಳನ್ನು ಮಂಚದಿಂದ ಕೆಳಗೆ ಬಿಟ್ಟು, ನಿಧಾನವಾಗಿ ಎದ್ದು ಕೂರಬೇಕು. ಸಹಾಯ ಮಾಡುವವರು ಬೆನ್ನಿಗೆ ಕೈ ಕೊಡಬೇಕು. ಕೈ ಹಿಡಿದು ಎಳೆಯಬಾರದು, ಕಂಕುಳಿಗೆ ಕೈ ಹಾಕಿ ಎತ್ತಲೂಬಾರದು. ಇದನ್ನು ಮನೆಯಲ್ಲಿ ಪ್ರತಿಯೊಬ್ಬರಿಗೂ ಹೇಳಿ, ಯಾಕೆಂದರೆ ಪ್ರೀತಿಯಿಂದ ಓಡಿ ಬಂದು ಕೈ ಹಿಡಿದು ಎಬ್ಬಿಸುವವರೇ ಜಾಸ್ತಿ. ಕೆಮ್ಮು ಬಂದಾಗ ಒಂದು ದಿಂಬನ್ನು ಎದೆಗೆ ಗಟ್ಟಿಯಾಗಿ ಅಪ್ಪಿಕೊಂಡು ಕೆಮ್ಮಬೇಕು. ನೋವಾಗುತ್ತೆ ಅಂತ ಕೆಮ್ಮನ್ನು ತಡೆಯಬಾರದು, ಕಫ ಹೊರಗೆ ಬರಲೇಬೇಕು. ಆಸ್ಪತ್ರೆಯಲ್ಲಿ ಉಸಿರಾಟದ ವ್ಯಾಯಾಮಕ್ಕೆ ಮೂರು ಚೆಂಡಿನ ಸ್ಪೈರೋಮೀಟರ್ ಕೊಟ್ಟಿರುತ್ತಾರೆ. ಅದನ್ನು ಕಪಾಟಿನಲ್ಲಿ ಇಡಬೇಡಿ. ಎಚ್ಚರ ಇರುವಾಗ ಗಂಟೆಗೊಮ್ಮೆ ಹತ್ತು ಸಲ ಉಸಿರು ಎಳೆಯಲಿ.

ಮೈಸೂರಿನಿಂದ ಬರುವ ದಾರಿಯಲ್ಲಿ ಒಂದೆರಡು ಕಡೆ ಕಾರು ನಿಲ್ಲಿಸಿ ಸ್ವಲ್ಪ ನಡೆಸಿ. ಸೀಟ್ ಬೆಲ್ಟ್ ಬೇಕೇ ಬೇಕು, ಎದೆಗೂ ಬೆಲ್ಟಿಗೂ ನಡುವೆ ಮಡಚಿದ ಟವೆಲ್ ಇಟ್ಟರೆ ಆಯಿತು. ಮಂಗಳೂರಿನ ಕಡೆಯಿಂದ ಬರುವವರು ಸಂಪಾಜೆ ಘಾಟಿಯ ತಿರುವುಗಳಲ್ಲಿ ಮೇಲಿನ ಹಿಡಿಕೆಗೆ ಜೋತು ಬೀಳದ ಹಾಗೆ ನೋಡಿಕೊಳ್ಳಿ.

ಇನ್ನು ನಡಿಗೆ. ಮೊದಲ ವಾರ ಐದೈದು ನಿಮಿಷ, ದಿನಕ್ಕೆ ನಾಲ್ಕು ಸಲ ಸಾಕು. ಆಮೇಲೆ ಪ್ರತಿ ದಿನ ಸ್ವಲ್ಪ ಸ್ವಲ್ಪ ಜಾಸ್ತಿ. ನಡೆಯುತ್ತಾ ಮಾತಾಡಲು ಆದರೆ ವೇಗ ಸರಿ ಇದೆ, ಮಾತಿನ ನಡುವೆ ಉಸಿರು ಕಟ್ಟಿದರೆ ನಿಲ್ಲಬೇಕು. ನಮ್ಮೂರಿನಲ್ಲಿ ಸಮತಟ್ಟು ಜಾಗ ಸಿಗುವುದೇ ಕಷ್ಟ, ಅದರ ಮೇಲೆ ಮಳೆಗಾಲ. ನಮ್ಮವರು ಜುಲೈಯ ಜಡಿಮಳೆಯಲ್ಲಿ ಜಗಲಿಯ ಈ ತುದಿಯಿಂದ ಆ ತುದಿಗೆ ನಡೆದರು. ಜಗಲಿ ಸಾಲದಾದಾಗ ಖಾಲಿ ಇದ್ದ ಕಾಫಿ ಗೋಡೌನ್‌ನಲ್ಲಿ ನಡೆದರು. ಏರು ಹತ್ತುವುದು ಆಮೇಲಿನ ಮಾತು. ಹುಲ್ಲಿನಲ್ಲಿ ನಡೆಯಲು ಶುರು ಮಾಡಿದ ಮೇಲೆ ಜಿಗಣೆಯ ಬಗ್ಗೆ ಹುಷಾರಾಗಿರಿ. ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮಾತ್ರೆ ತೆಗೆದುಕೊಳ್ಳುವವರಿಗೆ ಜಿಗಣೆ ಕಚ್ಚಿದ ಜಾಗದಲ್ಲಿ ರಕ್ತ ಬೇಗ ನಿಲ್ಲುವುದಿಲ್ಲ. ಒತ್ತಿ ಹಿಡಿದುಕೊಂಡಿರಿ, ಅದಕ್ಕಾಗಿ ಮಾತ್ರೆ ಬಿಡಬೇಡಿ.

ಗಾಯವನ್ನು ಸೋಪು ನೀರಿನಲ್ಲಿ ಮೆಲ್ಲಗೆ ತೊಳೆದು, ಉಜ್ಜದೆ ಬಟ್ಟೆಯಿಂದ ಮೆಲ್ಲಗೆ ಒತ್ತಿ ಒಣಗಿಸಿದರೆ ಸಾಕು. ಅರಿಶಿನ, ಎಣ್ಣೆ, ನಾಟಿ ಮದ್ದು ಯಾವುದೂ ಬೇಡ. ಕಾಲಿನಿಂದ ನಾಳ ತೆಗೆದಿದ್ದರೆ ಆ ಕಾಲು ಊದುತ್ತದೆ, ಕೂತಾಗ ಎತ್ತರದಲ್ಲಿ ಇಡಿ. ಕಾಲಿಗೆ ಬಿಗಿ ಸಾಕ್ಸ್ ಹೇಳಿದ್ದರೆ ಎರಡು ಜೊತೆ ತನ್ನಿ, ನಮ್ಮ ಮಳೆಯಲ್ಲಿ ಒಂದು ಜೊತೆ ಒಣಗುವುದೇ ಇಲ್ಲ.

ಊಟದ ವಿಷಯಕ್ಕೆ ಜಗಳ ಬೇಡ. ಮೊದಲ ಕೆಲವು ವಾರ ಬಾಯಿಗೆ ರುಚಿಯೇ ಇರುವುದಿಲ್ಲ. ಗಂಜಿ ಮಾತ್ರ ಕೊಟ್ಟು ಪಥ್ಯ ಮಾಡಿಸಿದರೆ ಮೂಳೆ ಯಾವುದರಿಂದ ಕೂಡಬೇಕು? ಮೊಟ್ಟೆ, ತಾಜಾ ಮೀನು, ಬೇಳೆ, ಕಾಳು ಕೊಡಿ. ಕಡುಬು, ಒತ್ತು ಶಾವಿಗೆಯೂ ಆಗುತ್ತದೆ. ದೂರ ಇಡಬೇಕಾದದ್ದು ಉಪ್ಪು. ಒಣಮೀನು, ಉಪ್ಪಿನಕಾಯಿ, ಉಪ್ಪಿಗೆ ಹಾಕಿದ ಕಣಿಲೆ (ಎಳೆ ಬಿದಿರು), ಇವು ಮಳೆಗಾಲದಲ್ಲಿ ನಮ್ಮ ಮನೆಗಳಲ್ಲಿ ಇದ್ದೇ ಇರುತ್ತವೆ, ಮತ್ತು ಇವುಗಳಿಂದಲೇ ಮೈಯಲ್ಲಿ ನೀರು ನಿಲ್ಲುವುದು. ಹಂದಿ ಮಾಂಸದ ಕೊಬ್ಬಿನ ಬಗ್ಗೆ ನಾನು ಹೇಳಬೇಕಾಗಿಲ್ಲ. ಹೃದಯಕ್ಕೆ ಲೋಹದ ವಾಲ್ವ್ ಹಾಕಿಸಿಕೊಂಡು, ರಕ್ತ ಹೆಪ್ಪುಗಟ್ಟದ ಹಾಗೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರ ಲೆಕ್ಕವೇ ಬೇರೆ. ಅವರು ಸೊಪ್ಪನ್ನು ಒಂದು ದಿನ ರಾಶಿ ತಿಂದು ಇನ್ನೊಂದು ದಿನ ಬಿಡುವ ಹಾಗಿಲ್ಲ, ಮಾತ್ರೆಯ ಕೆಲಸ ಏರುಪೇರಾಗುತ್ತದೆ. ಮಳೆಗಾಲದ ಕಕ್ಕಡ ತಿಂಗಳಲ್ಲಿ ನಮ್ಮಲ್ಲಿ ಮಾಡುವ ಮದ್ದು ಸೊಪ್ಪಿನ ಪಾಯಸವನ್ನೂ ಡಾಕ್ಟರನ್ನು ಕೇಳದೆ ಕೊಡಬೇಡಿ.

ಯಾರೂ ಮೊದಲೇ ಹೇಳದ ಒಂದು ವಿಷಯ ಇದೆ. ಮನಸ್ಸು ಕುಸಿಯುತ್ತದೆ. ನಮ್ಮವರು ಸೈನ್ಯದಲ್ಲಿ ಇದ್ದು ಬಂದವರು. ಟಿವಿ ನೋಡುತ್ತಾ ಕೂತಲ್ಲೇ ಕಣ್ಣಲ್ಲಿ ನೀರು ಬರುತ್ತಿತ್ತು, ಸಣ್ಣ ಮಾತಿಗೂ ಸಿಟ್ಟು, ರಾತ್ರಿ ಕೆಟ್ಟ ಕನಸು, ಆಗಷ್ಟೇ ಹೇಳಿದ್ದು ಮರೆತುಹೋಗುವುದು. ನನಗೆ ಎದೆ ಒಡೆದ ಹಾಗಾಗಿತ್ತು. ಇದು ಈ ಆಪರೇಷನ್ ಆದ ಬಹಳ ಜನರಿಗೆ ಆಗುತ್ತದೆ, ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಕಡಿಮೆಯೂ ಆಗುತ್ತದೆ. "ಗಂಡಸಾಗಿ ಅಳೋದಾ" ಅಂತ ಯಾರೂ ಅನ್ನಬಾರದು. ಕಡಿಮೆ ಆಗದಿದ್ದರೆ ಡಾಕ್ಟರಿಗೆ ಹೇಳಿ, ಇದಕ್ಕೂ ಚಿಕಿತ್ಸೆ ಇದೆ.

ನೆಂಟರ ವಿಷಯದಲ್ಲಿ ಗಟ್ಟಿಯಾಗಿ ಇರಿ. ನಮ್ಮಲ್ಲಿ ನೋಡಲು ಬರುವುದು ಪ್ರೀತಿ, ಬರದಿದ್ದರೆ ತಪ್ಪು. ಆದರೆ ಹತ್ತು ಜನಕ್ಕೆ ಅದೇ ಕಥೆ ಹೇಳಿ ಹೇಳಿ ರೋಗಿ ಸುಸ್ತಾಗುತ್ತಾರೆ, ಕೆಮ್ಮು ನೆಗಡಿ ಇರುವ ಒಬ್ಬರು ಬಂದು ಕೂತರೆ ಅದೂ ಅಂಟುತ್ತದೆ. ನಾನು ಹೊರಗಿನ ಬಾಗಿಲಿನಲ್ಲೇ ಕಾಫಿ ಕೊಟ್ಟು ಕಳಿಸಿದ್ದೇನೆ. ಬೇಸರ ಮಾಡಿಕೊಂಡವರು ಇದ್ದಾರೆ. ಇರಲಿ.

ತೋಟದ ಕೆಲಸಕ್ಕೆ ಬಂದರೆ, ಮೊದಲ ಮೂರು ತಿಂಗಳು ಎರಡು ಮೂರು ಕಿಲೋಗಿಂತ ಹೆಚ್ಚು ಎತ್ತಬಾರದು. ಹಾಗೆಂದರೆ ಗ್ಯಾಸ್ ಸಿಲಿಂಡರ್ ಇಲ್ಲ, ಕಾಫಿ ಚೀಲ ಇಲ್ಲ, ಮೊಮ್ಮಗುವನ್ನು ಎತ್ತುವುದೂ ಇಲ್ಲ. ಕೂತವರ ಮಡಿಲಿಗೆ ಮಗುವನ್ನು ಬೇರೆಯವರು ಕೊಡಲಿ. ಕಾರು ಓಡಿಸುವುದು 6 ವಾರದ ಮೇಲೆ, ಡಾಕ್ಟರ್ ಒಪ್ಪಿದರೆ ಮಾತ್ರ. ಹಳೇ ಜೀಪಿನ ಸ್ಟೀರಿಂಗ್ ಬಿಗಿ ಇರುತ್ತದೆ, ಅದಕ್ಕೆ ಇನ್ನೂ ಕಾಯಬೇಕು. ಕೈಲ್‌ಪೊಳ್ದ್ (ನಮ್ಮ ಆಯುಧಗಳ ಹಬ್ಬ) ಹತ್ತಿರ ಬಂದರೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಆಸೆ ಬರುತ್ತದೆ. ಕೋವಿ ಭುಜಕ್ಕೆ ಒದೆಯುವ ಪೆಟ್ಟು ನೇರ ಎದೆಯ ಮೂಳೆಗೇ ಹೋಗುತ್ತದೆ. ಮೂರು ತಿಂಗಳಾಗದೆ ಕೋವಿ ಮುಟ್ಟಲು ಬಿಡಬೇಡಿ.

ಮನೆಯಲ್ಲಿ ತೂಕದ ಯಂತ್ರ, ಥರ್ಮಾಮೀಟರ್ ಇರಲಿ. ದಿನಾ ಬೆಳಿಗ್ಗೆ ತೂಕ ನೋಡಿ ಬರೆದಿಡಿ. ಒಂದೇ ದಿನದಲ್ಲಿ ಒಂದು ಕಿಲೋಗಿಂತ ಜಾಸ್ತಿ ಏರಿದರೆ, ಜ್ವರ 100.4 ಡಿಗ್ರಿ ದಾಟಿದರೆ, ಗಾಯ ಕೆಂಪಾಗಿ ಕೀವು ಬಂದರೆ, ಹೊರಳಿದಾಗ ಎದೆಯ ಮೂಳೆ ಕಟಕ್ ಎಂದರೆ ಆಪರೇಷನ್ ಆದ ಆಸ್ಪತ್ರೆಗೆ ಅವತ್ತೇ ಫೋನ್ ಮಾಡಿ. ಮಲಗಿದರೆ ಉಸಿರು ಸಿಗದಿದ್ದರೆ, ಎದೆ ಬಡಿತ ತಾಳ ತಪ್ಪಿ ತಲೆ ಸುತ್ತಿದರೆ, ಮಾತು ತೊದಲಿದರೆ ಮೊದಲು 108ಕ್ಕೆ ಕರೆ ಮಾಡಿ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಮಳೆಯಲ್ಲಿ ಮರ ಬಿದ್ದರೆ ರಸ್ತೆಯೂ ಇಲ್ಲ. ಹಾಗಾಗಿ ಡಿಸ್ಚಾರ್ಜ್ ಕಾಗದ, ಮಾತ್ರೆ ಚೀಟಿ ಒಂದೇ ಚೀಲದಲ್ಲಿ ಬಾಗಿಲ ಹತ್ತಿರ ಇರಲಿ, ಮೊದಲು ಹತ್ತಿರದ ಆಸ್ಪತ್ರೆಗೆ ಹೋಗಿ. ರಾತ್ರಿ ಎರಡು ಗಂಟೆಯಾದರೂ ಸರಿ, ಬೆಳಗಾಗಲಿ ಅಂತ ಕಾಯಬೇಡಿ.