ಒಬ್ಬಳೇ ಹೋದೆಯಲ್ಲ, ಹೆದರಿಕೆ ಆಗ್ಲಿಲ್ವಾ?

ಬ್ರೆಜಿಲ್‌ನಿಂದ ಬಂದ ಮೇಲೆ ಈ ಪ್ರಶ್ನೆ ಕೇಳದವರೇ ಇಲ್ಲ. ದೊಡ್ಡಮ್ಮ ಕೇಳಿದರು, ಆಫೀಸಿನವರು ಕೇಳಿದರು, ಪುತ್ತೂರಿನಲ್ಲಿ ಒಂದು ಮದುವೆ ಊಟಕ್ಕೆ ಕೂತಾಗ ಪಕ್ಕದ ಎಲೆಯ ಗುರುತಿಲ್ಲದ ಹೆಂಗಸೂ ಕೇಳಿದರು. ಎಲ್ಲರಿಗೂ ಒಂದೇ ಉತ್ತರ: ಆಯಿತು. ಚೆನ್ನಾಗಿಯೇ ಆಯಿತು. ಆದರೆ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಅಂತ ತಿಳಿಯುವುದಕ್ಕೆ ನಾಲ್ಕು ದಿನ ಹಿಡಿಯಿತು.

ನಾನು ಹೋಗಿದ್ದು ರಿಯೋಗಲ್ಲ, ಸಾಲ್ವಡೋರ್‌ಗೆ. ಬಹಿಯಾ ರಾಜ್ಯದ ರಾಜಧಾನಿ. ಪೋರ್ಚುಗೀಸರು 1549ರಲ್ಲಿ ಕಟ್ಟಿದ ಊರು, 1763ರ ತನಕ ಇಡೀ ಬ್ರೆಜಿಲ್‌ಗೆ ಇದೇ ರಾಜಧಾನಿ. ಜನವರಿ ತಿಂಗಳು, ಅಲ್ಲಿ ಕಡು ಬೇಸಿಗೆ. ವಿಮಾನ ನಿಲ್ದಾಣದಿಂದ ಹೊರಗೆ ಬರುವ ರಸ್ತೆಯ ಎರಡೂ ಕಡೆ ಬಿದಿರು ಬಾಗಿ ಚಪ್ಪರದ ಹಾಗೆ ಕೂಡಿಕೊಂಡಿದೆ. ಎಲ್ಲರೂ ಅದರ ಫೋಟೋ ತೆಗೆಯುತ್ತಾರಂತೆ. ನಾನು ತೆಗೆಯಲಿಲ್ಲ. ಫೋನು ಕಿತ್ತುಕೊಂಡು ಓಡುತ್ತಾರೆ ಅನ್ನೋ ವೀಡಿಯೋಗಳನ್ನು ಹದಿನೈದು ದಿನ ನೋಡಿ ನೋಡಿ, ಕಾರಿನೊಳಗೇ ಫೋನನ್ನು ಬ್ಯಾಗಿನ ತಳಕ್ಕೆ ತುರುಕಿ ಬ್ಯಾಗನ್ನು ಅಪ್ಪಿಕೊಂಡು ಕೂತಿದ್ದೆ.

ಉಳಿದುಕೊಂಡಿದ್ದು ಬಾರಾ ಅನ್ನೋ ಕಡೆ, ಒಂದು ಪೌಸಾದಾದಲ್ಲಿ. ಅಂದರೆ ಮನೆಯಂಥ ಸಣ್ಣ ವಸತಿಗೃಹ. ಒಡತಿಗೆ ಅರವತ್ತು ದಾಟಿರಬೇಕು. ಇಂಗ್ಲಿಷ್ ಬರಲ್ಲ, ನನಗೆ ಪೋರ್ಚುಗೀಸ್ ಬರಲ್ಲ. ಕೋಣೆ ತೋರಿಸುತ್ತಾ ಒಂದೊಂದೇ ವಸ್ತು ಮುಟ್ಟಿ ಹೆಸರು ಹೇಳುತ್ತಾ ಹೋದರು. ಷಾವಿ. ಜನೆಲಾ. ಮೇಜಾ. ತ್ವಾಲ್ಯಾ. ನಾನು ಬಾಯಿ ಬಿಟ್ಟುಕೊಂಡು ನಿಂತೆ. ಚಾವಿ, ಜನೇಲು, ಮೇಜು, ಟುವಾಲು! ನಮ್ಮ ಕರಾವಳಿಗೆ ಪೋರ್ಚುಗೀಸರು ಬಿಟ್ಟು ಹೋದ ಮಾತುಗಳು ಅಂತ ಶಾಲೆಯಲ್ಲಿ ಓದಿದ್ದು ನಿಜ, ಆದರೆ ಅದನ್ನು ಇನ್ನೊಬ್ಬರ ಬಾಯಲ್ಲಿ, ಅಷ್ಟು ದೂರದಲ್ಲಿ, ಕೈಗೆ ಚಾವಿ ಕೊಡುತ್ತಾ ಕೇಳುವುದೇ ಬೇರೆ. ಮರುದಿನ ಚರ್ಚ್ ತೋರಿಸಿ ‘ಇಗ್ರೇಜಾ’ ಅಂದಾಗ ನಾನೇ ಜೋರಾಗಿ ‘ಇಗರ್ಜಿ’ ಅಂದೆ. ಅವರಿಗೆ ನನ್ನ ಉಚ್ಚಾರ ತಪ್ಪು ಅನ್ನಿಸಿತೋ ಏನೋ, ಮೂರು ಸಲ ತಿದ್ದಿದರು.

ಮೊದಲ ಸಂಜೆ ಪೋರ್ಟೋ ದಾ ಬಾರಾ ಬೀಚು. ಸಣ್ಣದು, ಕೊಲ್ಲಿಯ ಒಳಗೆ ಪಡುವಣಕ್ಕೆ ಮುಖ ಮಾಡಿದೆ, ಹಾಗಾಗಿ ನೀರು ಕೆರೆಯ ಹಾಗೆ ಶಾಂತ. ಜನ ಅಂದ್ರೆ ಜನ, ಕಾಲಿಡಲು ಜಾಗ ಇಲ್ಲ. ಕೈಯಲ್ಲಿ ಕೆಂಡದ ಡಬ್ಬ ತೂಗಾಡಿಸಿಕೊಂಡು ಒಬ್ಬ ಬಂದ, ಕಡ್ಡಿಗೆ ಚುಚ್ಚಿದ ಚೀಸನ್ನು ಅಲ್ಲೇ ಮರಳಿನ ಮೇಲೆ ಕೂತು ಸುಟ್ಟು ಕೊಟ್ಟ. ನಮ್ಮ ಯುಪಿಐ ಥರ ಅಲ್ಲಿ ಪಿಕ್ಸ್ ಇದೆ, 2020ರಲ್ಲಿ ಶುರುವಾಗಿದ್ದು, ಎಲ್ಲರೂ ಅದರಲ್ಲೇ ಕೊಡುತ್ತಾರೆ. ನನ್ನ ಹತ್ತಿರ ಅದಿಲ್ಲ ಅಂದಾಗ ಚಡ್ಡಿ ಜೇಬಿನಿಂದ ಕಾರ್ಡ್ ಉಜ್ಜುವ ಮಷೀನ್ ತೆಗೆದ.

ಆಮೇಲೆ ಆಗಿದ್ದು ಕೇಳಿ. ಪಕ್ಕದಲ್ಲಿದ್ದ ಗಂಡ ಹೆಂಡತಿ ಎದ್ದರು, ತಮ್ಮ ಬ್ಯಾಗು, ಚಪ್ಪಲಿ, ಬಟ್ಟೆ ಎಲ್ಲವನ್ನೂ ನನಗೆ ತೋರಿಸಿ, ಕಣ್ಣಿಗೆ ಬೆರಳಿಟ್ಟು ಸನ್ನೆ ಮಾಡಿ, ಸೀದಾ ನೀರಿಗೆ ಹೋದರು. ಕಳ್ಳರಿಗೆ ಹೆದರಿ ಮುದುರಿ ಕೂತಿದ್ದ ನಾನು ಅರ್ಧ ಗಂಟೆ ಕಾವಲುಗಾರ್ತಿ! ಅಲ್ಲಿ ಇದು ಮಾಮೂಲು, ಎಲ್ಲರೂ ಪಕ್ಕದವರಿಗೆ ಹೇಳಿಯೇ ನೀರಿಗಿಳಿಯುತ್ತಾರೆ. ಸೂರ್ಯ ಮುಳುಗಿದಾಗ ಬೀಚಿನ ಜನ ಎಲ್ಲಾ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ, ಕಣ್ಣು ಮಾತ್ರ ಅವರ ಬ್ಯಾಗಿನ ಮೇಲೆಯೇ.

ಎರಡನೇ ದಿನ ಪೆಲೋರಿನ್ಯೋ. ಹಳೇ ಊರು, ಗುಡ್ಡದ ಮೇಲೆ ಬಣ್ಣಬಣ್ಣದ ಮನೆಗಳು, 1985ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಪೋಸ್ಟ್‌ಕಾರ್ಡಿನಂಥ ಜಾಗ. ಆದರೆ ಆ ಹೆಸರಿನ ಅರ್ಥ ಚಾವಟಿ ಏಟಿನ ಕಂಬ. ಆಫ್ರಿಕಾದಿಂದ ಹಿಡಿದು ತಂದ ಜನರನ್ನು ಕಟ್ಟಿ ಹೊಡೆಯುತ್ತಿದ್ದ ಕಂಬ. ಬ್ರೆಜಿಲ್‌ನಲ್ಲಿ ಗುಲಾಮಗಿರಿ ನಿಂತಿದ್ದು 1888ರಲ್ಲಿ. ಇದು ಗೊತ್ತಾದ ಮೇಲೆ ಆ ಬಣ್ಣಗಳ ಮುಂದೆ ಸೆಲ್ಫಿ ತೆಗೆಯಲು ಮನಸ್ಸು ಬರಲಿಲ್ಲ. ಫೋನು ಹೇಗೂ ಬ್ಯಾಗಿನ ತಳದಲ್ಲಿತ್ತು ಅನ್ನಿ.

ಅಲ್ಲೇ ಟೋಪಿ ಬಿತ್ತು ನನಗೆ. ಒಬ್ಬ ನಗುತ್ತಾ ಬಂದು, ಉಡುಗೊರೆ ಉಡುಗೊರೆ ಅನ್ನುತ್ತಾ ಕೈಗೆ ಬೊನ್ಫಿಂ ದೇವರ ರಿಬ್ಬನ್ ಕಟ್ಟಿದ. ಮೂರು ಗಂಟು, ಗಂಟಿಗೊಂದು ಹರಕೆ, ತಾನಾಗಿ ಹರಿದು ಬೀಳುವ ತನಕ ಬಿಚ್ಚಬಾರದು. ಮೂರನೇ ಗಂಟು ಬಿದ್ದ ಕೂಡಲೇ ಉಡುಗೊರೆಗೆ ಬೆಲೆ ಬಂತು. ಬಿಚ್ಚೋ ಹಾಗಿಲ್ಲವಲ್ಲ, ಸುಮ್ನೆ ಕೊಟ್ಟೆ. ನಮ್ಮ ದೇವಸ್ಥಾನದ ಬೀದಿಗಳಲ್ಲಿ ನೋಡದ್ದೇನಲ್ಲ.

ನಿಜವಾಗಿ ಹೆದರಬೇಕಾದ್ದನ್ನು ಹೇಳಿಕೊಟ್ಟಿದ್ದು ಒಡತಿ, ಅದೂ ಸನ್ನೆಯಲ್ಲೇ. ಮೇಲಿನ ಊರಿನಿಂದ ಕೆಳಗಿನ ಊರಿಗೆ ಇಳಿಜಾರು ರಸ್ತೆಯಲ್ಲಿ ನಡೆಯಬೇಡ, ಲಿಫ್ಟ್ ಹಿಡಿ. ಲಿಫ್ಟ್ ಅಂದರೆ ಎಲೆವದೋರ್ ಲಸೆರ್ದಾ, 1873ರದ್ದು, 72 ಮೀಟರ್ ಎತ್ತರ, ಊರಿನವರಿಗೆ ಸಿಟಿ ಬಸ್ ಇದ್ದ ಹಾಗೆ. ಕತ್ತಲಾದ ಮೇಲೆ ಕಾರು ಮಾಡು. ಭಾನುವಾರ ಕೆಳಗಿನ ಆಫೀಸು ಬೀದಿಗಳು ಖಾಲಿ, ಆ ಕಡೆ ಹೋಗಬೇಡ. ಇಷ್ಟೇ. ಅಂದರೆ ಇಡೀ ಊರಿಗೆ ಹೆದರಬೇಕಿಲ್ಲ, ಯಾವ ರಸ್ತೆ, ಎಷ್ಟು ಹೊತ್ತಿಗೆ ಅನ್ನೋದನ್ನು ನೋಡಿಕೊಂಡರೆ ಸಾಕು. ಇದನ್ನು ಯಾವ ವೀಡಿಯೋನೂ ಹೇಳಿರಲಿಲ್ಲ.

ಮೂರನೇ ದಿನ ಅಕರಜೇ. ಅಲಸಂದೆ ನೆನೆಸಿ, ಸಿಪ್ಪೆ ತೆಗೆದು, ರುಬ್ಬಿ, ಈರುಳ್ಳಿ ಉಪ್ಪು ಹಾಕಿ ಚೆನ್ನಾಗಿ ಕಲಸಿ, ದೆಂದೆ ಅನ್ನೋ ಕೆಂಪು ತಾಳೆ ಎಣ್ಣೆಯಲ್ಲಿ ಕರಿಯುವ ವಡೆ. ಮಾರುವವರು ಬಿಳಿ ಲಂಗ, ತಲೆಗೆ ಬಿಳಿ ಬಟ್ಟೆ ಸುತ್ತಿದ ಬಯಾನಾ ಹೆಂಗಸರು. ವಡೆ ಸೀಳಿ ಒಳಗೆ ಬೆಂಡೆಕಾಯಿ ಪಲ್ಯದಂಥದ್ದು, ತೆಂಗಿನಹಾಲಿನ ಗಟ್ಟಿ ಗೊಜ್ಜು, ಒಣ ಸಿಗಡಿ ತುಂಬುತ್ತಾರೆ. ಒಣ ಸಿಗಡಿ ಅಂದ್ರೆ ನಮ್ಮ ಒಣ ಎಟ್ಟಿಯೇ. ‘ಕೆಂಚಿ?’ ಅಂತ ಕೇಳಿದರು. ಬಿಸಿ ಬೇಕಾ ಅಂತ ಅರ್ಥ ಮಾಡಿಕೊಂಡು ಹೂಂ ಅಂದೆ. ಅಲ್ಲಿ ಬಿಸಿ ಅಂದರೆ ಖಾರ! ಕಣ್ಣಲ್ಲಿ ನೀರು ಬಂತು, ಇನ್ನೊಂದು ತಿಂದೆ. ಸಸ್ಯಾಹಾರಿಗಳು ಹುಷಾರು, ಸಿಗಡಿ ಬೇಡ ಅಂದರೂ ಗೊಜ್ಜಿನೊಳಗೆ ಅದು ಇದ್ದೇ ಇರುತ್ತದೆ.

ಅಂದ ಹಾಗೆ, ಹೋಗುವವರು ಹಳದಿ ಜ್ವರದ ಲಸಿಕೆ ಹತ್ತು ದಿನ ಮುಂಚೆಯೇ ಹಾಕಿಸಿಕೊಳ್ಳಿ. ಆ ಕಾರ್ಡ್ ಇಲ್ಲದೆ ವಾಪಸ್ ಬಂದರೆ ಇಲ್ಲಿ ಆರು ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು. ನನ್ನನ್ನು ಕೇಳಿದರೆ ಕಳ್ಳರಿಗಿಂತ ಇದಕ್ಕೇ ಜಾಸ್ತಿ ಹೆದರಬೇಕು.

ನಾಲ್ಕನೇ ದಿನ ಸಾಂವ್ ಜೋವಾಕಿಂ ಸಂತೆ. ಅಲ್ಲಿ ಒಬ್ಬ ಅಜ್ಜನ ಮುಂದೆ ಹಲಸಿನ ಹಣ್ಣು ರಾಶಿ ಬಿದ್ದಿತ್ತು! ಅವರು ‘ಜಾಕಾ’ ಅನ್ನುತ್ತಾರೆ, ಮಲಯಾಳದ ಚಕ್ಕದಿಂದಲೇ ಹೋದ ಹೆಸರು. ಹಲಸು ನಮ್ಮ ಕಡೆಯಿಂದ ಅಲ್ಲಿಗೆ ಹೋಯಿತು, ಗೇರು ಅಲ್ಲಿಂದ ನಮ್ಮಲ್ಲಿಗೆ ಬಂತು. ಅಜ್ಜ ಎರಡು ರಾಶಿ ತೋರಿಸಿ ‘ಮೋಲಿ, ದೂರಾ’ ಅಂದ. ಮೆತ್ತಗಿನದು, ಗಟ್ಟಿಯದು. ತುಳುವ ಮತ್ತು ಬಕ್ಕೆ! ಬಕ್ಕೆ ಕೊಡು ಅಂತ ಬೆರಳು ತೋರಿಸಿದೆ. ಇಂಡಿಯಾದಲ್ಲೂ ಇದೆಯಾ ಅಂತ ಏನೋ ಕೇಳಿದ ಹಾಗಾಯಿತು. ಬಾಯಲ್ಲಿ ಹೇಳಲು ಬರದೆ ಬ್ಯಾಗಿನ ತಳಕ್ಕೆ ಕೈ ಹಾಕಿ ಫೋನು ತೆಗೆದು ನಮ್ಮನೆ ಹಿತ್ತಲಿನ ಮರದ ಫೋಟೋ ತೋರಿಸಿದೆ. ಅಜ್ಜ ಪಕ್ಕದ ಸಿಗಡಿ ಅಂಗಡಿಯವಳನ್ನು ಕರೆದ, ಅವಳು ಇನ್ನೊಬ್ಬಳನ್ನು ಕರೆದಳು, ಫೋನು ಕೈಯಿಂದ ಕೈಗೆ ಹೋಗಿ ನಾಲ್ಕು ಅಂಗಡಿ ಸುತ್ತಿ, ಗಾಜಿನ ಮೇಲೆಲ್ಲಾ ಹಲಸಿನ ಅಂಟು ಮೆತ್ತಿಕೊಂಡು ವಾಪಸ್ ಬಂತು. ಎಣ್ಣೆ ಹಚ್ಚಿ ಒರೆಸು ಅಂತ ಸನ್ನೆ ಮಾಡಿದ ಅಜ್ಜ, ಎರಡು ಸೊಳೆ ಜಾಸ್ತಿ ಹಾಕಿದ.