ಕಾರಿನ ಹ್ಯಾಮ್ ಸೆಟ್ ಎಷ್ಟು ವರ್ಷ ಬಾಳಿಕೆ ಬರುತ್ತದೆ?

ಹವ್ಯಾಸಿ ರೇಡಿಯೊ, ಅಂದರೆ ಹ್ಯಾಮ್ ಪರವಾನಗಿ ಕೈಸೇರಿದ ಹೊಸಬರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಬಹುತೇಕ ಇದೇ ಆಗಿರುತ್ತದೆ: "ಸರ್, ಕಾರಿಗೆ ಒಂದು ಮೊಬೈಲ್ ಸೆಟ್ ಹಾಕಿಸಬೇಕು ಅಂತಿದ್ದೇನೆ. ಕೈಕೊಡದೆ ಬಾಳಿಕೆ ಬರುವುದು ಯಾವುದು? ನಿಮ್ಮದು ಇಷ್ಟು ವರ್ಷದಿಂದ ಓಡುತ್ತಿದೆಯಲ್ಲ, ಏನಾದರೂ ತೊಂದರೆ ಕೊಟ್ಟಿದೆಯೇ?" ಮೊಬೈಲ್ ಸೆಟ್ ಎಂದರೆ ಇಲ್ಲಿ ಕಿಸೆಯ ಫೋನ್ ಅಲ್ಲ, ವಾಹನದ ಬ್ಯಾಟರಿಯಿಂದ ನಡೆಯುವ, ಸೀಟಿನ ಕೆಳಗೋ ಡ್ಯಾಶ್‌ಬೋರ್ಡಿನ ಅಡಿಯಲ್ಲೋ ಕೂರುವ, ಸಾಮಾನ್ಯವಾಗಿ 50 ವಾಟ್ ಪ್ರಸಾರ ಮಾಡುವ ಹ್ಯಾಮ್ ರೇಡಿಯೊ. ಈ ಪ್ರಶ್ನೆಗೆ ಫೋನಿನಲ್ಲಿ ಅರ್ಧ ಗಂಟೆ ಉತ್ತರಿಸಿ, ಮರುವಾರ ಇನ್ನೊಬ್ಬರಿಗೆ ಅದನ್ನೇ ಹೇಳುವುದು ರೂಢಿಯಾಗಿಬಿಟ್ಟಿರುವುದರಿಂದ ಇಲ್ಲಿ ಒಮ್ಮೆ ವಿವರವಾಗಿ ಬರೆದಿಡುತ್ತಿದ್ದೇನೆ.

ಮೊದಲು ಚುಟುಕಾಗಿ ಹೇಳುವುದಾದರೆ, ಹೆಸರಾಂತ ತಯಾರಕರ ಸೆಟ್ ಹದಿನೈದು ಇಪ್ಪತ್ತು ವರ್ಷ ನಡೆಯುವುದು ಅಪರೂಪವೇನಲ್ಲ. ಆದರೆ ಅದು ನಡೆಯುವುದೋ ಬಿಡುವುದೋ ಎಂಬುದನ್ನು ನಿರ್ಧರಿಸುವುದು ಪೆಟ್ಟಿಗೆಯ ಮೇಲಿನ ಹೆಸರಿಗಿಂತ ಹೆಚ್ಚಾಗಿ ಅದಕ್ಕೆ ವಿದ್ಯುತ್ ತರುವ ತಂತಿ, ಅದರ ಮೈಯಿಂದ ಬಿಸಿ ಹೊರಹೋಗುವ ದಾರಿ ಮತ್ತು ಅದರ ಬೆನ್ನಿಗೆ ಬಂದು ಸೇರುವ ಆಂಟೆನಾ ಕೇಬಲ್. ನನ್ನ ಅನುಭವವೂ ನನ್ನ ಮೇಜಿನ ಮೇಲೆ ಬಿಚ್ಚಿಕೊಂಡ ಇತರರ ಸೆಟ್‌ಗಳ ಅನುಭವವೂ ಇದನ್ನೇ ಹೇಳುತ್ತವೆ.

ನನ್ನ ಸೆಟ್ಟನ್ನು ನಾನು 2006ರಲ್ಲಿ ಕೊಂಡೆ. 144ರಿಂದ 146 ಮೆಗಾಹರ್ಟ್ಸ್ ಮತ್ತು 434ರಿಂದ 438 ಮೆಗಾಹರ್ಟ್ಸ್ ಎರಡೂ ಪಟ್ಟಿಗಳಲ್ಲಿ ಕೆಲಸ ಮಾಡುವ ಸಾಧಾರಣ ಎಫ್‌ಎಂ ಸೆಟ್ ಅದು. ಮೂರು ಕಾರು ಬದಲಾದವು, ಸೆಟ್ ಅದೇ ಇದೆ. ಇಷ್ಟು ವರ್ಷಗಳಲ್ಲಿ ಅದು ನನಗೆ ಮೂರು ಸಲ ತೊಂದರೆ ಕೊಟ್ಟಿದೆ. ಅದರಲ್ಲಿ ಒಂದು ಸಲ ತಪ್ಪು ಸೆಟ್ಟಿನದಾಗಿರಲೇ ಇಲ್ಲ. ಅದರಿಂದಲೇ ಆರಂಭಿಸುತ್ತೇನೆ.

ಕೊಂಡ ಮೂರನೆಯ ವರ್ಷ, ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ನಡೆಯುವ ಕಾರ್ ರ್ಯಾಲಿಯೊಂದಕ್ಕೆ ನಾವು ಕೆಲವು ಹ್ಯಾಮ್‌ಗಳು ಸುರಕ್ಷತಾ ಸಂಪರ್ಕಕ್ಕಾಗಿ ಹೋಗಿದ್ದೆವು. ಫೋನಿನ ಸಿಗ್ನಲ್ ಸಿಗದ ತಿರುವಿನಲ್ಲಿ ನನ್ನ ಕಾರು ನಿಂತಿತ್ತು. ಎಂಜಿನ್ ಆರಿಸಿ ಕುಳಿತಿದ್ದೆ. ಮೊದಲ ಕಾರು ಹಾದುಹೋದದ್ದನ್ನು ತಿಳಿಸಲು ಮೈಕಿನ ಗುಂಡಿ ಒತ್ತಿದೆ. ಸೆಟ್ಟಿನ ಪರದೆ ಕಪ್ಪಾಯಿತು. ಕೈಬಿಟ್ಟೆ, ಮತ್ತೆ ಬೆಳಗಿತು. ಒತ್ತಿದರೆ ಆರುವುದು, ಬಿಟ್ಟರೆ ಹೊತ್ತುವುದು. ಎಂಜಿನ್ ಚಾಲೂ ಮಾಡಿ, ಐದು ವಾಟ್‌ಗೆ ಇಳಿಸಿ ಆ ದಿನವನ್ನು ಹೇಗೋ ದೂಡಿದೆ. ಊರಿಗೆ ಮರಳುವ ದಾರಿಯುದ್ದಕ್ಕೂ ಸೆಟ್ ಹಾಳಾಯಿತೆಂದೇ ನಂಬಿ ಸಂಕಟಪಟ್ಟೆ.

ಬೆಂಗಳೂರಿನಲ್ಲಿ ನಮಗೆಲ್ಲ ಹಿರಿಯರಾಗಿದ್ದ ರಿಪೇರಿಯವರೊಬ್ಬರ ಬಳಿಗೆ ಅದನ್ನು ಕೊಂಡೊಯ್ದಾಗ ಅವರು ಸೆಟ್ಟಿನ ಒಂದು ಸ್ಕ್ರೂ ಕೂಡ ಬಿಚ್ಚಲಿಲ್ಲ. "ಮೊದಲು ವೋಲ್ಟ್ ನೋಡೋಣ ಸ್ವಾಮಿ, ಆಮೇಲೆ ಸೆಟ್ಟನ್ನು ಬೈಯಿರಿ" ಎಂದು ಮೀಟರಿನ ಎರಡು ಕಡ್ಡಿಗಳನ್ನು ಸೆಟ್ಟಿನ ಹಿಂದಿನ ಪ್ಲಗ್ಗಿಗೆ ತಾಗಿಸಿ, ಗುಂಡಿ ಒತ್ತಲು ಹೇಳಿದರು. ಎಂಜಿನ್ ಆರಿದ್ದಾಗ, ಸುಮ್ಮನೆ ಆಲಿಸುತ್ತಿದ್ದಾಗ 12.3 ವೋಲ್ಟ್ ಇದ್ದದ್ದು ಪ್ರಸಾರಕ್ಕೆ ಒತ್ತಿದೊಡನೆ ಸುಮಾರು 9.6ಕ್ಕೆ ಕುಸಿದು ಸೆಟ್ ಆರಿತು. ಈ ಸೆಟ್‌ಗಳು 13.8 ವೋಲ್ಟ್‌ಗೆಂದು ತಯಾರಾದವು. ಅದರಿಂದ ಶೇಕಡಾ 15ರಷ್ಟು ಆಚೀಚೆ, ಅಂದರೆ ಸುಮಾರು 11.7ರವರೆಗೆ ಇಳಿದರೂ ಸಹಿಸುತ್ತವೆ, ಅದಕ್ಕಿಂತ ಕೆಳಗೆ ಅವುಗಳಿಂದ ಏನನ್ನೂ ನಿರೀಕ್ಷಿಸುವಂತಿಲ್ಲ. 50 ವಾಟ್ ಪ್ರಸಾರ ಮಾಡುವಾಗ ಸೆಟ್ ಸುಮಾರು 11 ಆಂಪಿಯರ್ ಎಳೆಯುತ್ತದೆ. ದಾರಿಯಲ್ಲಿ ಕಾಲು ಓಮಿನಷ್ಟು ಅಡ್ಡಿ ಇದ್ದರೆ ಸಾಕು, ಎರಡೂವರೆ ವೋಲ್ಟಿಗೂ ಹೆಚ್ಚು ಅಲ್ಲಿಯೇ ಕರಗಿಹೋಗುತ್ತದೆ. ಆ ಕಾಲು ಓಮ್ ಸಿಕ್ಕಿದ್ದು ಎಲ್ಲಿ? ಕಾರಿನ ಅಲಂಕಾರದ ಅಂಗಡಿಯಲ್ಲಿ ಸ್ಟೀರಿಯೊ ಹಾಕುವಂತೆಯೇ ನನ್ನ ಸೆಟ್ಟಿಗೂ ಸಿಗರೇಟ್ ಲೈಟರಿನ ಹಿಂದಿನಿಂದ ಸಣ್ಣ ತಂತಿ ಎಳೆದು, ಬರಿಗೈಯಲ್ಲಿ ತಿರುಚಿ ಟೇಪ್ ಸುತ್ತಿದ್ದರು. ಟೇಪ್ ಬಿಡಿಸಿದಾಗ ತಾಮ್ರ ಹಸಿರುಗಟ್ಟಿತ್ತು, ಫ್ಯೂಸಿನ ಹಿಡಿಕೆ ಕರಗಿ ಕಂದುಬಣ್ಣಕ್ಕೆ ತಿರುಗಿತ್ತು.

ಅಂದಿನಿಂದ ಬ್ಯಾಟರಿಯ ಎರಡೂ ತುದಿಯಿಂದ ನೇರವಾಗಿ ದಪ್ಪ ತಂತಿ ತರುತ್ತೇನೆ. ಎರಡೂ ತಂತಿಗೆ ಬ್ಯಾಟರಿಯ ಹತ್ತಿರದಲ್ಲಿಯೇ ಫ್ಯೂಸ್ ಹಾಕುತ್ತೇನೆ. ಋಣ ತಂತಿಗೇಕೆ ಫ್ಯೂಸ್ ಎಂದು ಹಲವರು ಕೇಳುತ್ತಾರೆ. ಎಂಜಿನ್ನಿಗೂ ಬ್ಯಾಟರಿಗೂ ನಡುವಿನ ಭೂಸಂಪರ್ಕದ ಪಟ್ಟಿ ಸಡಿಲವಾದರೆ ಸ್ಟಾರ್ಟರ್ ಮೋಟಾರಿನ ಭಾರೀ ವಿದ್ಯುತ್ ನಮ್ಮ ಸೆಟ್ಟಿನ ಮೈ ಮತ್ತು ಋಣ ತಂತಿಯನ್ನೇ ದಾರಿಯಾಗಿ ಹುಡುಕಿಕೊಳ್ಳಬಹುದು. ಆ ಫ್ಯೂಸ್ ಕಾಯುವುದು ಅದರಿಂದ. ವಾಹನ ಸ್ಟಾರ್ಟ್ ಮಾಡುವಾಗ ಸೆಟ್ ಆರಿಸಿರುವುದೂ ನನ್ನ ಅಭ್ಯಾಸವಾಗಿದೆ.

ಇನ್ನು ಬಿಸಿಯ ವಿಷಯ. ಮೇಲಿನ ಲೆಕ್ಕವನ್ನೇ ಮುಂದುವರಿಸಿದರೆ, 13.8 ವೋಲ್ಟ್ ಮತ್ತು 11 ಆಂಪಿಯರ್ ಎಂದರೆ ಸೆಟ್ಟಿನೊಳಗೆ ಹೋಗುವುದು ಸುಮಾರು 150 ವಾಟ್. ಆಂಟೆನಾಗೆ ತಲಪುವುದು 50. ಉಳಿದ 100 ವಾಟ್ ಅಂಗೈಯಗಲದ ಲೋಹದ ಮೈಯಿಂದ ಬಿಸಿಯಾಗಿ ಹೊರಬರಬೇಕು. ಏಪ್ರಿಲ್ ತಿಂಗಳಲ್ಲಿ ರಾಯಚೂರಿನಲ್ಲಿಯೋ ಕಲಬುರಗಿಯಲ್ಲಿಯೋ ಗಾಜು ಮುಚ್ಚಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ, ಅದರಲ್ಲೂ ಡ್ಯಾಶ್‌ಬೋರ್ಡಿನ ಮೇಲೆ, ಎಷ್ಟು ಕಾವಿರುತ್ತದೆ ಎಂಬುದು ಅಲ್ಲಿ ಕಾರು ಓಡಿಸಿದವರಿಗೆ ಗೊತ್ತು. ಬಹುತೇಕ ಸೆಟ್‌ಗಳ ಕೈಪಿಡಿ ಹೇಳುವ ಗರಿಷ್ಠ ಮಿತಿ 60 ಡಿಗ್ರಿ ಸೆಲ್ಸಿಯಸ್. ಕಾದ ಕಾರಿಗೆ ಹತ್ತಿದೊಡನೆ ಪೂರ್ಣ ಶಕ್ತಿಯಲ್ಲಿ ಹತ್ತು ನಿಮಿಷ ಮಾತಾಡುವವರು ಆ ಮಿತಿಯನ್ನು ದಾಟಿಯೇ ಆಟ ಶುರುಮಾಡುತ್ತಾರೆ. ಎಫ್‌ಎಂನಲ್ಲಿ ನೀವು ಮಾತಾಡಿದರೂ, ಗುಂಡಿ ಒತ್ತಿಕೊಂಡು ಸುಮ್ಮನಿದ್ದರೂ ಪ್ರಸಾರವಾಗುವ ಶಕ್ತಿ ಅಷ್ಟೇ. ನಡುವೆ ಬಿಡುವು ಎಂಬುದು ಅದಕ್ಕಿಲ್ಲ.

ಈ ಬಿಸಿ ಏನನ್ನು ಕೆಡಿಸುತ್ತದೆ? ಕೊನೆಯ ಹಂತದ ಶಕ್ತಿವರ್ಧಕ ಬಹಳಷ್ಟು ಸೆಟ್‌ಗಳಲ್ಲಿ ಒಂದೇ ಮಾಡ್ಯೂಲ್ ಆಗಿರುತ್ತದೆ. ಅದರೊಳಗೆ ಸೆರಾಮಿಕ್ ಹಲಗೆಯನ್ನು ತಾಮ್ರದ ಪಟ್ಟಿಗೆ ಬೆಸೆದಿರುತ್ತಾರೆ. ಕಾದಾಗ ತಾಮ್ರ ಹಿಗ್ಗಿದಷ್ಟು ಸೆರಾಮಿಕ್ ಹಿಗ್ಗುವುದಿಲ್ಲ. ಸಾವಿರಾರು ಸಲ ಕಾದು ತಣಿದ ಮೇಲೆ ಬೆಸುಗೆಯಲ್ಲಿ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ. ತಣ್ಣಗಿರುವಾಗ ಸರಿಯಾಗಿದ್ದು ಬಿಸಿಯಾದಾಗ ಪ್ರಸಾರ ನಿಲ್ಲುವ ಸೆಟ್ ಕಂಡರೆ ನಾನು ಮೊದಲು ಅನುಮಾನಿಸುವುದು ಇದನ್ನೇ. ಮಾಡ್ಯೂಲ್ ಬದಲಿಸಬಹುದು, ಆದರೆ ಹಳೆಯ ಮಾದರಿಗಳದ್ದು ಸಿಗುವುದು ಕಷ್ಟ, ನಕಲಿಗಳೂ ಬರುತ್ತವೆ. ಆದ್ದರಿಂದ ನಮ್ಮ ದನಿಯನ್ನು ಹಿಡಿದು ದೂರಕ್ಕೆ ಮರುಪ್ರಸಾರ ಮಾಡುವ ಹತ್ತಿರದ ರಿಪೀಟರಿಗೆ ಹತ್ತು ವಾಟ್ ಸಾಕಾಗುವ ಕಡೆ 50 ವಾಟ್ ಬಳಸಬೇಡಿ ಎಂದು ನಾನು ಪಟ್ಟುಹಿಡಿದು ಹೇಳುತ್ತೇನೆ. ನನ್ನ ಸೆಟ್ ಇಂದಿಗೂ ಮೊದಲ ಮಾಡ್ಯೂಲಿನಲ್ಲೇ ಓಡುತ್ತಿರುವುದಕ್ಕೆ ಇದೇ ಕಾರಣವೆಂದು ನನ್ನ ದೃಢವಾದ ನಂಬಿಕೆ.

ಎರಡನೆಯ ತೊಂದರೆ ಮಾತ್ರ ಸೆಟ್ಟಿನದೇ. ಎಂಟನೆಯ ವರ್ಷದಲ್ಲಿ ಸ್ಪೀಕರಿನಿಂದ ಒಗ್ಗರಣೆಯ ಸಾಸಿವೆ ಸಿಡಿದಂಥ ಸದ್ದು ಬರತೊಡಗಿತು. ಮೊದಮೊದಲು ಆಗಾಗ, ಮಳೆಗಾಲದಲ್ಲಿ ಹೆಚ್ಚು. ಕೆಲವು ತಿಂಗಳಲ್ಲಿ ಕಿವಿ ಮಂದವಾದವರಂತೆ ಸೆಟ್ಟಿಗೆ ದೂರದ ದನಿಗಳು ಕೇಳದಾದವು. ಪ್ರಸಾರ ಮಾತ್ರ ಸೊಗಸಾಗಿತ್ತು. ಆಂಟೆನಾ, ಕೇಬಲ್ ಬದಲಿಸಿ ಫಲವಿಲ್ಲದೆ ಕೊನೆಗೆ ಮುಚ್ಚಳ ತೆಗೆದೆವು. ಕಾರಣ, ಉಗುರಿನಷ್ಟು ಅಗಲದ ಕಪ್ಪು ಡಬ್ಬಿ, ಕೆಳಗೆ ಐದು ಕಾಲು: 455 ಕಿಲೋಹರ್ಟ್ಸ್‌ನ ಸೆರಾಮಿಕ್ ಫಿಲ್ಟರ್. ಪಕ್ಕದ ಚಾನೆಲ್ಲಿನ ದನಿಯನ್ನು ತಡೆದು ನಮಗೆ ಬೇಕಾದ್ದನ್ನಷ್ಟೇ ಒಳಬಿಡುವ ಬಾಗಿಲು ಅದು. ಅದರೊಳಗಿನ ಸೆರಾಮಿಕ್ ಬಿಲ್ಲೆಗಳ ಮೇಲೆ ಬೆಳ್ಳಿಯ ಲೇಪವಿರುತ್ತದೆ. ಫಿಲ್ಟರಿನ ಕಾಲುಗಳ ಮೇಲೆ ನೇರ ವಿದ್ಯುತ್ತಿನ ಒತ್ತಡ ಬೀಳುವಂತೆ ಸರ್ಕ್ಯೂಟ್ ಮಾಡಿದ್ದರೆ, ತೇವಾಂಶದ ಜೊತೆ ಸೇರಿ ವರ್ಷಗಟ್ಟಲೆಯಲ್ಲಿ ಬೆಳ್ಳಿ ಒಂದು ಬದಿಯಿಂದ ಇನ್ನೊಂದಕ್ಕೆ ತೆವಳುತ್ತದೆ. ಬೇರಿನಂಥ ಎಳೆಗಳು ಬೆಳೆದು, ವಿದ್ಯುತ್ ಸೋರತೊಡಗುತ್ತದೆ. ಮೀಟರಿನಲ್ಲಿ ಯಾವ ಸಂಪರ್ಕವೂ ತೋರಬಾರದ ಕಡೆ ಕೆಲವು ಕಿಲೋ ಓಮ್ ತೋರಿಸಿದಾಗ ನಮಗೆ ಖಚಿತವಾಯಿತು.

ಇದು ಒಂದು ಕಂಪನಿಯ ಕಾಯಿಲೆಯಲ್ಲ. ಹಲವು ತಯಾರಕರ ಸೆಟ್‌ಗಳಲ್ಲಿ ಇದನ್ನು ಕಂಡಿದ್ದೇವೆ, ಜತನವಾಗಿ ಇಟ್ಟುಕೊಂಡವರನ್ನೂ ಅದು ಬಿಟ್ಟಿಲ್ಲ. ಪರಿಹಾರಕ್ಕೆ ಖರ್ಚು ಹೆಚ್ಚಿಲ್ಲ. ಎಸ್‌ಪಿ ರಸ್ತೆಯ ಅಂಗಡಿಗಳನ್ನು ಸುತ್ತಿ ಹೊಸ ಫಿಲ್ಟರ್ ತಂದು ಕೂರಿಸಿದೆವು. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಇನ್ನು ಕೆಲವು ವರ್ಷಕ್ಕೆ ಅದೇ ಪಾಡು. ಫಿಲ್ಟರಿನ ಹಿಂದೆ ಮುಂದೆ ತಾಮ್ರದ ಗೆರೆಯನ್ನು ಕತ್ತರಿಸಿ 0.1 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಸೇರಿಸಿದರೆ ನೇರ ವಿದ್ಯುತ್ ಅಲ್ಲಿಯೇ ನಿಲ್ಲುತ್ತದೆ, ಸಂಕೇತ ಮಾತ್ರ ದಾಟುತ್ತದೆ. ಹಾಗೆ ಮಾಡಿದ ಮೇಲೆ ನನ್ನ ಸೆಟ್ಟಿನಲ್ಲಿ ಸಾಸಿವೆಯ ಸದ್ದು ಮರಳಿಲ್ಲ. ಮೂರನೆಯ ತೊಂದರೆ ಪರದೆಯ ಹಿಂದಿನ ದೀಪ ಮಂಕಾದದ್ದು. ಅದನ್ನು ತೊಂದರೆ ಎಂದು ಲೆಕ್ಕಕ್ಕೆ ಹಿಡಿಯಬೇಕಾಗಿಯೂ ಇಲ್ಲ.

ಸೆಟ್ಟಿಗಿಂತ ಮೊದಲು ಸೋಲುವವು ಅದರ ಕೈಕಾಲುಗಳು. ಮೈಕಿನ ಸುರುಳಿ ತಂತಿ ಒಳಗೇ ತುಂಡಾಗುತ್ತದೆ, ಗುಂಡಿಯ ಸಂಪರ್ಕ ಸವೆಯುತ್ತದೆ. ಮಂಗಳೂರು, ಕಾರವಾರದ ಕಡಲ ಗಾಳಿಯಲ್ಲಿ ಆಂಟೆನಾ ಬುಡದ ತಿರುಪು ತುಕ್ಕು ಹಿಡಿಯುತ್ತದೆ. ಆಗುಂಬೆಯ ಕಡೆಯ ಮಳೆಯಲ್ಲಿ ಕನೆಕ್ಟರಿನ ಸಂದಿಯಿಂದ ನೀರು ಕೇಬಲ್ಲಿನ ಹೆಣಿಗೆಯೊಳಗೆ ಇಳಿದು, ಹೊರಗಿನಿಂದ ಏನೂ ಕಾಣದಂತೆ ಅರ್ಧ ಶಕ್ತಿಯನ್ನು ನುಂಗುತ್ತದೆ. ಎಸ್‌ಡಬ್ಲ್ಯೂಆರ್, ಅಂದರೆ ಆಂಟೆನಾದ ಕಡೆಯಿಂದ ಶಕ್ತಿ ಎಷ್ಟು ಹಿಂದಿರುಗುತ್ತಿದೆ ಎಂಬುದನ್ನು ತಿಳಿಸುವ ಅಳತೆ, ಏರಿದಾಗ ಸೆಟ್ ತನ್ನನ್ನು ಕಾಪಾಡಿಕೊಳ್ಳಲು ಶಕ್ತಿ ಇಳಿಸುತ್ತದೆ. ಮಾಲೀಕರು ಸೆಟ್ ಬಲ ಕಳೆದುಕೊಂಡಿತು ಎಂದುಕೊಳ್ಳುತ್ತಾರೆ. ವರ್ಷಕ್ಕೊಮ್ಮೆ ಮಳೆಗಾಲ ಮುಗಿದ ಮೇಲೆ ಕನೆಕ್ಟರ್ ಬಿಚ್ಚಿ ನೋಡುವುದನ್ನು ನಾನು ತಪ್ಪಿಸುವುದಿಲ್ಲ.

ಹಾಗಾದರೆ ಇತರ ಮಾಲೀಕರ ಅನುಭವವನ್ನು ಎಷ್ಟು ನಂಬಬೇಕು? ಕೊಂಡ ಮೊದಲ ತಿಂಗಳಲ್ಲಿ ಹೊಗಳುವವರು ಬಾಳಿಕೆಯ ಬಗ್ಗೆ ಏನನ್ನೂ ಹೇಳುತ್ತಿಲ್ಲ. ಅವರು ಹೇಳುತ್ತಿರುವುದು ಹೊಸತನದ ಸಂತೋಷವನ್ನು. ಕೆಟ್ಟ ದಿನ ಸಿಟ್ಟಿನಿಂದ ಬರೆಯುವವರ ಮಾತಿನಲ್ಲಿ ತಂತಿಯನ್ನು ಎಲ್ಲಿಂದ ತಂದಿದ್ದರು ಎಂಬ ವಿವರವಿರುವುದಿಲ್ಲ. ಹತ್ತು ವರ್ಷ ಏನೂ ಆಗದೆ ಬಳಸುತ್ತಿರುವವರಿಗೆ ಬರೆಯುವ ಕಾರಣವೇ ಇರುವುದಿಲ್ಲ, ನಮಗೆ ಬೇಕಾದದ್ದು ಅವರ ಮಾತೇ. ಆದ್ದರಿಂದ ಮಾಲೀಕರು ಸಿಕ್ಕಾಗ "ಹೇಗಿದೆ?" ಎಂದು ಕೇಳಬೇಡಿ. ದಿನಕ್ಕೆ ಎಷ್ಟು ಹೊತ್ತು ಪ್ರಸಾರ ಮಾಡುತ್ತೀರಿ, ಎಷ್ಟು ವಾಟ್‌ನಲ್ಲಿ, ಸೆಟ್ ಎಲ್ಲಿ ಕೂತಿದೆ, ತಂತಿ ಎಲ್ಲಿಂದ ಬಂದಿದೆ, ಇದುವರೆಗೆ ಏನನ್ನು ಬದಲಿಸಿದ್ದೀರಿ ಎಂದು ಕೇಳಿ. ಇನ್ನೊಂದು ಬೇಸರದ ಸಂಗತಿ ಇದೆ: ಒಂದು ಮಾದರಿ ಹದಿನೈದು ವರ್ಷ ಬಾಳಿತೆಂದು ಸಾಬೀತಾಗುವ ಹೊತ್ತಿಗೆ ಅದರ ತಯಾರಿಕೆ ಸಾಮಾನ್ಯವಾಗಿ ನಿಂತಿರುತ್ತದೆ. ಇಂದು ಅಂಗಡಿಯಲ್ಲಿರುವುದಕ್ಕೆ ಅಷ್ಟು ವಯಸ್ಸಾಗಿಲ್ಲ. ಹೊಸ ಸೆಟ್ ಕೊಳ್ಳುವವರು ಅನುಭವವನ್ನು ಕೊಳ್ಳುತ್ತಿಲ್ಲ, ತಯಾರಕರ ಹಿಂದಿನ ನಡತೆಯ ಮೇಲೆ ಭರವಸೆ ಇಡುತ್ತಿದ್ದಾರೆ. ಐಕಾಮ್, ಕೆನ್‌ವುಡ್, ಯಾಯೆಸು ಎಂಬ ಜಪಾನಿನ ಮೂರು ಹೆಸರುಗಳ ಮೇಲೆ ಹ್ಯಾಮ್‌ಗಳು ಇಟ್ಟಿರುವ ವಿಶ್ವಾಸ ಇಂಥದ್ದು, ಅದರಲ್ಲಿ ನಾನೂ ಪಾಲುದಾರ.

ಹಳೆಯ ಸೆಟ್ ಕೊಳ್ಳುವುದಾದರೆ, ಕೊಡುವವರಿಗೂ ನಿಮಗೂ ಪರವಾನಗಿ ಇರಬೇಕು ಎಂಬುದನ್ನು ಮೊದಲು ನೋಡಿಕೊಳ್ಳಿ. ಆಮೇಲೆ ಡಮ್ಮಿ ಲೋಡ್ (ಆಂಟೆನಾದ ಬದಲು ಶಕ್ತಿಯನ್ನು ಬಿಸಿಯಾಗಿ ಕರಗಿಸುವ ಸಾಧನ) ಮತ್ತು ವಾಟ್ ಮೀಟರ್ ಜೋಡಿಸಿ ಪೂರ್ಣ ಶಕ್ತಿಯಲ್ಲಿ ಎರಡು ನಿಮಿಷ ಒತ್ತಿ ಹಿಡಿಯಿರಿ. 50ರಿಂದ 45ಕ್ಕೆ ಇಳಿದರೆ ಸಹಜ. 20ಕ್ಕೆ ಬಿದ್ದರೆ ಬಿಟ್ಟುಬಿಡಿ. ಫ್ಯಾನ್ ತಿರುಗುತ್ತಿದೆಯೇ, ದುರ್ಬಲವಾದ ದೂರದ ದನಿ ಕೇಳಿಸುತ್ತಿದೆಯೇ, ಸಾಸಿವೆಯ ಸದ್ದು ಇದೆಯೇ ಎಂದು ಕಿವಿಗೊಡಿ. ಸ್ಕ್ರೂಗಳ ತಲೆ ಸವೆದಿದ್ದರೆ ಯಾರೋ ಒಳಗೆ ಕೈಯಾಡಿಸಿದ್ದಾರೆ. ತೊಂಬತ್ತರ ದಶಕದ ಸೆಟ್ ಆರಿಸಿದಾಗಲೆಲ್ಲ ಚಾನೆಲ್‌ಗಳನ್ನು ಮರೆಯುತ್ತಿದ್ದರೆ ಹೆದರಬೇಡಿ; ನೆನಪಿಗೆಂದು ಇಟ್ಟ ನಾಣ್ಯದಾಕಾರದ ಲಿಥಿಯಂ ಸೆಲ್ ಮುಗಿದಿರಬಹುದು.

ಇಷ್ಟೆಲ್ಲ ಕಾಳಜಿ ಏಕೆಂದು ಕೆಲವರಿಗೆ ಅನಿಸಬಹುದು. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಪೋರ್ಟ್ ಬ್ಲೇರಿನಲ್ಲಿ ಹ್ಯಾಮ್‌ಗಳ ಒಂದು ತಂಡವಿತ್ತು. ಫೋನುಗಳು ನಿಂತುಹೋದ ಆ ದಿನಗಳಲ್ಲಿ ಅಂಡಮಾನಿನ ಸುದ್ದಿ ಹೊರಗಿನವರಿಗೆ ತಲಪಲು ಅವರ ಸೆಟ್‌ಗಳು ನೆರವಾದವು. 13.8 ವೋಲ್ಟಿನ ಸೆಟ್ ಇದ್ದರೆ ಯಾವ ಕಾರಿನ ಬ್ಯಾಟರಿಯಿಂದಲಾದರೂ ಮಾತಾಡಬಹುದು. ಆದರೆ ಒತ್ತಿದಾಗ ಅದು ಆರಬಾರದು, ಅಷ್ಟೆ.

ಕಳೆದ ತಿಂಗಳು ಹಾಸನದ ಕಡೆಯ ಹುಡುಗನೊಬ್ಬ ಹೊಸ ಸೆಟ್ಟನ್ನು ಚೀಲದಲ್ಲಿಟ್ಟುಕೊಂಡು ಬಂದ. "ಆರು ತಿಂಗಳೂ ಆಗಿಲ್ಲ ಸರ್, ಒತ್ತಿದರೆ ಆರಿಹೋಗುತ್ತದೆ, ವಾಪಸ್ ಕಳಿಸಬೇಕೇನೋ" ಎಂದ. ನನ್ನ ಮೇಜಿನ ಮೇಲಿನ ವಿದ್ಯುತ್ ಮೂಲಕ್ಕೆ ಜೋಡಿಸಿ ಒತ್ತಿದೆ; ಮೀಟರಿನ ಮುಳ್ಳು ನೇರವಾಗಿ 50ಕ್ಕೆ ಹೋಗಿ ನಿಂತಿತು. "ಕಾರು ತಂದಿದ್ದೀಯೇನಪ್ಪಾ?" ಎಂದು ಕೇಳಿ, ಮೀಟರ್ ಹಿಡಿದು ಅವನೊಂದಿಗೆ ಕೆಳಗಿಳಿದೆ.